ಮೂರು ತಲೆಮಾರು, ಎರಡು ಹಡಗು: ಮುಂಬೈ–ಲಕ್ಷದ್ವೀಪವೋ, ಸಿಂಗಪುರ–ಪೆನಾಂಗೋ?

ಮನೆಮಂದಿಯನ್ನೆಲ್ಲ ಕರೆದುಕೊಂಡು ಕ್ರೂಸ್‌ಗೆ ಹೊರಟವರು ಮೊದಲು ಕೇಳುವುದು ಹಡಗು ಎಷ್ಟು ದೊಡ್ಡದು, ಊಟ ಹೇಗಿರುತ್ತೆ ಅಂತ. ನಾನು ಕೇಳುವ ಮೊದಲ ಪ್ರಶ್ನೆ ಬೇರೆ. ನೋಡುವ ಊರಿನಲ್ಲಿ ಹಡಗು ಬಂದರಿನ ಧಕ್ಕೆಗೆ ತಾಗಿ ನಿಲ್ಲುತ್ತದೋ, ಇಲ್ಲಾ ಸಮುದ್ರದಲ್ಲೇ ಲಂಗರು ಹಾಕಿ ಸಣ್ಣ ದೋಣಿಯಲ್ಲಿ ದಡಕ್ಕೆ ಕಳಿಸುತ್ತದೋ? ಎಂಬತ್ತರ ಹತ್ತಿರದ ಅಪ್ಪ, ಮಂಡಿನೋವಿನ ಅಮ್ಮ, ಶಿಶುವಿಹಾರಕ್ಕೆ ಹೋಗುವ ತಂಗಿಯ ಮಗ, ಮೊಬೈಲ್ ಬಿಡದ ನನ್ನ ಮಗಳು. ಈ ತಂಡದ ಜೊತೆ ಎರಡೂ ಕಡೆ ಹೋಗಿಬಂದ ಮೇಲೆ ಮಿಕ್ಕಿದ್ದೆಲ್ಲ ಆಮೇಲಿನ ಮಾತು ಅನ್ನಿಸಿದೆ.

ಒಂದು ಪ್ರಯಾಣ ಮುಂಬೈನಿಂದ ಹೊರಟು ಕೊಚ್ಚಿ, ಲಕ್ಷದ್ವೀಪ ನೋಡಿಕೊಂಡು ಮುಂಬೈಗೇ ಮರಳುವುದು. ಇನ್ನೊಂದು ಸಿಂಗಪುರದಿಂದ ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ಮುಟ್ಟಿ ಸಿಂಗಪುರಕ್ಕೆ ವಾಪಸ್.

ಹತ್ತುವ ತನಕದ ಕೆಲಸದಲ್ಲಿ ಮುಂಬೈ ಸಲೀಸು. ಪಾಸ್‌ಪೋರ್ಟ್ ಬೇಕಿಲ್ಲ, ಆಧಾರ್ ಕಾರ್ಡ್ ಸಾಕಾಯಿತು. ಲಕ್ಷದ್ವೀಪಕ್ಕೆ ಕಾಲಿಡಲು ಬೇಕಾದ ಪರ್ಮಿಟ್ಟನ್ನು ಹಡಗಿನವರೇ ಮಾಡಿಸಿದರು. ಅಪ್ಪನಿಗೆ ವಿಮಾನ ಅಂದರೆ ಆಗುವುದಿಲ್ಲ. ಹಾಗಾಗಿ ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ರೈಲು ಹತ್ತಿ ಮುಂಬೈನ ಸಿಎಸ್‌ಎಂಟಿ ನಿಲ್ದಾಣದಲ್ಲಿ ಇಳಿದೆವು. ಅಲ್ಲಿಂದ ಹಡಗು ಹತ್ತುವ ಬ್ಯಾಲಾರ್ಡ್ ಪಿಯರ್‌ಗೆ ಟ್ಯಾಕ್ಸಿಯಲ್ಲಿ ತೀರಾ ಹತ್ತಿರ. ರೈಲೂ ಹಡಗೂ ಒಂದೇ ಪ್ರವಾಸದಲ್ಲಿ ಸಿಕ್ಕಿದ್ದಕ್ಕೆ ತಂಗಿಯ ಮಗನಿಗೆ ಹಬ್ಬ.

ಸಿಂಗಪುರಕ್ಕೆ ಕಾಗದಪತ್ರ ಜಾಸ್ತಿ. ವೀಸಾ ಬೇಕು, ಅದೂ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬಿಡುವಂಥದ್ದು. ಯಾಕೆಂದರೆ ಹಡಗು ಹತ್ತಿದ ಕೂಡಲೇ ನೀವು ಸಿಂಗಪುರ ಬಿಟ್ಟ ಲೆಕ್ಕ, ಇಳಿದಾಗ ಮತ್ತೆ ಹೊಸದಾಗಿ ಒಳಬಂದ ಲೆಕ್ಕ. ಮಲೇಷ್ಯಾ 2023ರ ಡಿಸೆಂಬರ್‌ನಿಂದ ಭಾರತೀಯರಿಗೆ ವೀಸಾ ಇಲ್ಲದೆ ಬಿಡಲು ಶುರು ಮಾಡಿತು, ಆನ್‌ಲೈನ್ ಅರ್ಜಿಯೊಂದನ್ನು ತುಂಬಬೇಕು ಅಷ್ಟೆ. ಇಂಥ ನಿಯಮಗಳು ಬದಲಾಗುತ್ತಲೇ ಇರುತ್ತವೆ, ಟಿಕೆಟ್ ತೆಗೆಯುವ ವಾರ ಮತ್ತೊಮ್ಮೆ ನೋಡಿಕೊಳ್ಳಿ. ವಿಮಾನ ನಾಲ್ಕೂವರೆ ಗಂಟೆಯದು. ಅಪ್ಪ ಕಣ್ಣು ಮುಚ್ಚಿಕೊಂಡು ಸಹಿಸಿದರು. ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ಸಿಕ್ಕಿದ ಮೇಲೆ ಅವರದೇ ದರ್ಬಾರು.

ಹಡಗಿನ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಮುಂಬೈನದು ಚಿಕ್ಕದು, ಹಳೆಯದು. ಬಾಲ್ಕನಿ ಇರುವ ಕೋಣೆ ಕಡಿಮೆ. ಆದರೆ ಚಿಕ್ಕದಾಗಿದ್ದರಿಂದಲೇ ಅಮ್ಮನಿಗೆ ಮಾರನೇ ದಿನವೇ ದಾರಿ ಗೊತ್ತಾಗಿಹೋಯಿತು. ಸಿಂಗಪುರದ ಹಡಗಿನಲ್ಲಿ ಲಿಫ್ಟ್ ಇಳಿದು ಎಡಕ್ಕೋ ಬಲಕ್ಕೋ ಅಂತ ಕೊನೆಯ ದಿನದವರೆಗೂ ಗೊಂದಲ. ಅಲ್ಲಿ ಊಟದ ಹಾಲ್‌ಗೆ ಹೋಗಿಬರುವುದೇ ಅಪ್ಪನ ದಿನದ ವಾಕಿಂಗ್. ಮಕ್ಕಳಿಗೆ ಮಾತ್ರ ದೊಡ್ಡ ಹಡಗೇ ಸ್ವರ್ಗ. ನೀರಿನ ಜಾರುಬಂಡೆ ಬಿಟ್ಟು ಮಗಳು ಕದಲಲಿಲ್ಲ, ಮೊಬೈಲ್ ಕೋಣೆಯಲ್ಲೇ ಉಳಿಯಿತು. ಎರಡೂ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕ್ಲಬ್ ಇತ್ತು. ಸಾಮಾನ್ಯವಾಗಿ ಮೂರು ವರ್ಷ ತುಂಬಿ, ಡೈಪರ್ ಬಿಟ್ಟಿರುವ ಮಕ್ಕಳನ್ನೇ ಸೇರಿಸಿಕೊಳ್ಳುವುದು.

ಕೋಣೆ ಆರಿಸುವಾಗ ಒಂದು ಮಾತು. ಹಿರಿಯರಿಗೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಮಹಡಿಯಲ್ಲಿ ಕೋಣೆ ಕೊಡಿಸಿ, ಅಲ್ಲಿ ತೂಗಾಟ ಕಡಿಮೆ. ಲಿಫ್ಟಿಗೂ ಹತ್ತಿರವಿರಲಿ. ಬಚ್ಚಲಿನ ಬಾಗಿಲಿಗೆ ಎತ್ತರದ ಹೊಸ್ತಿಲು ಇರುತ್ತದೆ, ನೀರು ಹೊರಗೆ ಬರದ ಹಾಗೆ. ರಾತ್ರಿ ಎದ್ದು ಹೋಗುವವರು ಎಡವುತ್ತಾರೆ. ನಮ್ಮ ಏಜೆಂಟ್ ಮುಂಬೈ ಪ್ರಯಾಣದಲ್ಲಿ ಅಪ್ಪ ಅಮ್ಮನನ್ನು ನಮಗಿಂತ ಮೂರು ಮಹಡಿ ಮೇಲೆ ಹಾಕಿಸಿದ್ದ. ಹತ್ತಿದ ಮೇಲೆ ಬದಲಾಯಿಸಿಕೊಳ್ಳಲು ಪಟ್ಟ ಪಾಡು ಬೇಡ. ಸಿಂಗಪುರದಲ್ಲಿ ಎದುರುಬದುರು ಕೋಣೆ ತೆಗೆದುಕೊಂಡೆವು. ಹಿರಿಯರಿಗೆ ಬಾಲ್ಕನಿ ಇರುವುದು, ನಮಗೆ ಕಿಟಕಿಯೇ ಇಲ್ಲದ ಅಗ್ಗದ್ದು. ಹಗಲೆಲ್ಲ ಎಲ್ಲರೂ ಸೇರುತ್ತಿದ್ದುದು ಅವರ ಬಾಲ್ಕನಿಯಲ್ಲೇ.

ಈಗ ಊರುಗಳಿಗೆ ಬರೋಣ.

ಕೊಚ್ಚಿಯಲ್ಲಿ ಹಡಗು ವಿಲಿಂಗ್ಡನ್ ದ್ವೀಪದ ಧಕ್ಕೆಗೆ ತಾಗಿಯೇ ನಿಂತಿತು. ಇಳಿದರೆ ನೆಲ. ಹೊರಗೆ ಟ್ಯಾಕ್ಸಿ. ಹಡಗಿನವರ ಬಸ್ ಟೂರ್ ಬಿಟ್ಟು ನಾವೇ ದೊಡ್ಡ ಗಾಡಿಯೊಂದನ್ನು ಮಾತಾಡಿಕೊಂಡೆವು. ಬಸ್ಸಿನಲ್ಲಿ ಹೋದರೆ ಅವರು ಹೇಳಿದಷ್ಟು ಹೊತ್ತು ನಿಲ್ಲಬೇಕು, ಹೇಳಿದಾಗ ಹೊರಡಬೇಕು. ಅಮ್ಮನ ಮಂಡಿ ಆ ಟೈಂಟೇಬಲ್ಲಿಗೆ ಒಪ್ಪುವುದಿಲ್ಲ. ಫೋರ್ಟ್ ಕೊಚ್ಚಿಯ ಚೀನಾ ಬಲೆಗಳ ಹತ್ತಿರ ತಂಗಿಯ ಮಗ ಮೀನು ಮೇಲೆ ಬರುವುದನ್ನು ಕಾದು ಕೂತ. ಸಂತ ಫ್ರಾನ್ಸಿಸ್ ಚರ್ಚಿನಲ್ಲಿ 1524ರಲ್ಲಿ ವಾಸ್ಕೋ ಡ ಗಾಮನನ್ನು ಹೂತಿದ್ದ ಜಾಗ ನೋಡಿದೆವು. ಅವನ ಅವಶೇಷ ಆಮೇಲೆ ಪೋರ್ಚುಗಲ್‌ಗೆ ಹೋಯಿತು. ಶಾಲೆಯಲ್ಲಿ ಓದಿದ ಹೆಸರು ಕಲ್ಲಿನ ಮೇಲೆ ಕಂಡಾಗ ಮಗಳು ಮೊದಲ ಸಲ ತಾನಾಗಿ ಪ್ರಶ್ನೆ ಕೇಳಿದಳು. ಅಪ್ಪನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಮಟ್ಟಂಚೇರಿ ಅರಮನೆಯ ಗೋಡೆಯ ಮೇಲಿನ ರಾಮಾಯಣದ ಚಿತ್ರಗಳು. ಮೆಟ್ಟಿಲು ಹತ್ತಬೇಕು, ನಿಧಾನವಾಗಿ ಹತ್ತಿದರು. ಒಂದು ಎಚ್ಚರಿಕೆ: ಆ ಅರಮನೆಗೆ ಶುಕ್ರವಾರ ರಜೆ, ಪಕ್ಕದ 1568ರ ಯಹೂದಿ ಪ್ರಾರ್ಥನಾ ಮಂದಿರಕ್ಕೆ ಶನಿವಾರ ರಜೆ. ಹಡಗು ಊರು ಮುಟ್ಟುವ ವಾರ ಯಾವುದು ಅಂತ ಕ್ಯಾಲೆಂಡರ್ ನೋಡಿಯೇ ಟಿಕೆಟ್ ತೆಗೆಯಿರಿ.

ಲಕ್ಷದ್ವೀಪದ ಕಥೆಯೇ ಬೇರೆ. ನಮ್ಮ ಹಡಗು ಹೋದ ಅಗತ್ತಿ ದ್ವೀಪದ ಸುತ್ತ ಹವಳದ ದಿಬ್ಬ, ಒಳಗೆ ಆಳವಿಲ್ಲದ ನೀಲಿ ನೀರು. ದೊಡ್ಡ ಹಡಗು ಒಳಗೆ ಬರುವ ಹಾಗೇ ಇಲ್ಲ. ಹೊರಗೆ ನಿಂತು, ಅಲ್ಲಿಯವರ ದೋಣಿಗಳಿಗೆ ಜನರನ್ನು ಇಳಿಸುತ್ತಾರೆ. ಅಲೆಗೆ ದೋಣಿ ಮೇಲೆದ್ದ ಕ್ಷಣ ನೋಡಿ ಕಾಲಿಡಬೇಕು. ಇಬ್ಬರು ಸಿಬ್ಬಂದಿ ರಟ್ಟೆ ಹಿಡಿದುಕೊಳ್ಳುತ್ತಾರೆ, ಆದರೂ ಆ ಒಂದು ಹೆಜ್ಜೆ ನೀವೇ ಇಡಬೇಕು. ಅಮ್ಮ ದೇವರ ಹೆಸರು ಹೇಳಿಕೊಂಡು ಇಟ್ಟೇಬಿಟ್ಟರು. ಅಪ್ಪ ಬಾಗಿಲ ತನಕ ಬಂದು, ‘ನೀವು ಹೋಗಿಬನ್ನಿ’ ಅಂದರು. ಇಡೀ ದಿನ ಹಡಗಿನಲ್ಲೇ ಉಳಿದರು. ಗಾಲಿಕುರ್ಚಿಯವರಿಗಂತೂ ಆ ದಿನ ಇಳಿಯುವ ಮಾತೇ ಇರಲಿಲ್ಲ. ಅಲೆ ಜೋರಿದ್ದರೆ ಯಾರನ್ನೂ ಇಳಿಸುವುದಿಲ್ಲ, ಕ್ಯಾಪ್ಟನ್ ಹೇಳಿದ್ದೇ ಕೊನೆ.

ಇಳಿದವರಿಗೆ ಸಿಕ್ಕಿದ್ದು ಮಾತ್ರ ಸಿಂಗಪುರದ ಪ್ರಯಾಣದಲ್ಲಿ ಎಲ್ಲೂ ಸಿಗಲಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ ನಿಂತರೆ ಕಾಲ ಬಳಿಯೇ ಬಣ್ಣದ ಮೀನು. ಅಂಗಡಿ ಗಲಾಟೆ ಇಲ್ಲ. ಲಕ್ಷದ್ವೀಪದ 36 ದ್ವೀಪಗಳಲ್ಲಿ ಜನ ಇರುವುದು ಹತ್ತರಲ್ಲಿ ಮಾತ್ರ. ಇನ್ನೊಂದು ವಿಷಯ ಸಂಜೆ ಅಪ್ಪನಿಗೆ ಹೇಳಿದೆ. ಅಗತ್ತಿಯಿಂದ ಉತ್ತರಕ್ಕಿರುವ ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ‘ಹಾಗಾದರೆ ನಮ್ಮೂರನ್ನೇ ನೋಡದೆ ಬಂದೆ ಅನ್ನು’ ಅಂದರು.

ಪೆನಾಂಗ್‌ನಲ್ಲಿ ಅಪ್ಪ ಎಲ್ಲರಿಗಿಂತ ಮುಂದೆ ಇಳಿದರು. ಸ್ವೆಟ್ಟೆನ್‌ಹ್ಯಾಮ್ ಧಕ್ಕೆ ಇರುವುದೇ ಜಾರ್ಜ್‌ಟೌನ್ ಪೇಟೆಯ ಮಗ್ಗುಲಲ್ಲಿ. ಹೊರಬಂದ ಸ್ವಲ್ಪ ಹೊತ್ತಿಗೇ ಗಡಿಯಾರ ಗೋಪುರ, ಕಾರ್ನ್‌ವಾಲಿಸ್ ಕೋಟೆ. ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ 60 ವರ್ಷ ತುಂಬಿದ್ದಕ್ಕೆ 60 ಅಡಿ ಎತ್ತರ ಕಟ್ಟಿದ ಗೋಪುರ ಅದು. ಅಲ್ಲಿಂದ ಸೈಕಲ್ ರಿಕ್ಷಾದಲ್ಲಿ ಅಪ್ಪ ಅಮ್ಮ, ಹಿಂದೆ ನಡೆದುಕೊಂಡು ನಾವು. ಕ್ವೀನ್ ಸ್ಟ್ರೀಟಿನ ಮಹಾಮಾರಿಯಮ್ಮನ ಗುಡಿ 1833ರದು. ಅಮ್ಮ ಕುಂಕುಮ ಇಟ್ಟುಕೊಂಡು ಹೊರಬಂದರೆ ಪಕ್ಕದಲ್ಲೇ ಲಿಟಲ್ ಇಂಡಿಯಾ, ಬಾಳೆಎಲೆ ಊಟ, ಮಲ್ಲಿಗೆ ಹೂವಿನ ಅಂಗಡಿ. 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಹಳೇ ಪೇಟೆ ಇದು. ಮಗಳಿಗೆ ಬೇಕಿದ್ದದ್ದು ಅರ್ಮೇನಿಯನ್ ಸ್ಟ್ರೀಟಿನ ಗೋಡೆಚಿತ್ರ, ಸೈಕಲ್ ಮೇಲೆ ಕೂತ ಮಕ್ಕಳದು. ಫೋಟೋಗೆ ಕ್ಯೂ. ಸುಸ್ತಾದವರು ಹಡಗಿಗೆ ಹೋಗಿ ಮಲಗಿ, ಇಷ್ಟವಿದ್ದರೆ ಮತ್ತೆ ಬರಬಹುದಿತ್ತು. ಅಮ್ಮ ಹಾಗೇ ಮಾಡಿದರು. ಮೂರು ತಲೆಮಾರಿನವರು ಒಟ್ಟಿಗೆ ಹೋದಾಗ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ.

ಧಕ್ಕೆ ಇದ್ದ ಮಾತ್ರಕ್ಕೆ ಸಾಲದು, ಊರೂ ಹತ್ತಿರ ಇರಬೇಕು. ಅದಕ್ಕೇ ಪೋರ್ಟ್ ಕ್ಲಾಂಗ್ ಇದ್ದ ಪ್ರಯಾಣವನ್ನು ಬೇಕೆಂದೇ ಬಿಟ್ಟೆವು. ಅಲ್ಲಿಂದ ಕ್ವಾಲಾಲಂಪುರಕ್ಕೆ ರಸ್ತೆಯಲ್ಲಿ ಹೋಗಿಬರುವುದರಲ್ಲೇ ದಿನ ಕಳೆದುಹೋಗುತ್ತದೆ. ಬಾಟು ಗುಹೆಯ ಸುಬ್ರಹ್ಮಣ್ಯನಿಗೆ ಮತ್ತೆ 272 ಮೆಟ್ಟಿಲು ಬೇರೆ.

ಫುಕೆಟ್‌ನಲ್ಲಿ ಪುನಃ ದೋಣಿಯೇ. ಹಡಗು ಪಟಾಂಗ್ ಕೊಲ್ಲಿಯಲ್ಲಿ ನಿಂತಿತು. ನೀರು ಶಾಂತವಾಗಿತ್ತು, ದೋಣಿಯೂ ದೊಡ್ಡದು, ಅಪ್ಪ ಇಳಿದರು. ಆದರೆ ಕಾಯುವ ಸಾಲು ಉದ್ದ, ಬಿಸಿಲು ಜೋರು. ಚಲೋಂಗ್ ದೇವಾಲಯ ನೋಡಿ ಬರುವಷ್ಟರಲ್ಲಿ ಎಲ್ಲರೂ ಒಬ್ಬರ ಮೇಲೊಬ್ಬರು ಸಿಡುಕುತ್ತಿದ್ದೆವು. ಅಲ್ಲಿನ ಸಮಯ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ಮೊಬೈಲ್ ತಾನಾಗಿ ಬದಲಾಗುತ್ತದೆ, ಹಡಗಿನ ಗಡಿಯಾರ ಬದಲಾಗಿರದೆ ಇರಬಹುದು. ವಾಪಸ್ ಹತ್ತುವ ಹೊತ್ತನ್ನು ಹಡಗಿನ ಸಮಯಕ್ಕೇ ಲೆಕ್ಕ ಹಾಕಿ. ಸ್ವಂತ ಟ್ಯಾಕ್ಸಿಯಲ್ಲಿ ಹೋದವರಿಗೆ ಹಡಗು ಕಾಯುವುದಿಲ್ಲ.

ಊಟದಲ್ಲಿ ಮುಂಬೈ ಹಡಗು ಸುಲಭವಾಗಿ ಗೆದ್ದಿತು. ಬೆಳಿಗ್ಗೆ ಇಡ್ಲಿ, ದೋಸೆ, ಉಪ್ಪಿಟ್ಟು, ಜೈನರಿಗೆ ಬೇರೆ ಅಡುಗೆ. ಸಿಂಗಪುರದಲ್ಲೂ ಸಸ್ಯಾಹಾರದ ಸಾಲು ಇತ್ತು, ಆದರೆ ದಿನವೂ ಅದೇ ಪನೀರ್, ಅದೇ ದಾಲ್. ಮೊಸರು ಕೇಳಿದರೆ ಸಿಹಿ ಮೊಸರಿನ ಕಪ್ ತಂದುಕೊಟ್ಟರು. ಅಮ್ಮನ ಚೀಲದಲ್ಲಿದ್ದ ಚಟ್ನಿಪುಡಿ ಮಾನ ಕಾಪಾಡಿತು. ಕೆಟಲ್, ಇಸ್ತ್ರಿಪೆಟ್ಟಿಗೆ ಒಯ್ಯಬೇಡಿ. ಬೆಂಕಿಯ ಭಯಕ್ಕೆ ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ.

ದುಡ್ಡು? ವಿಮಾನ, ವೀಸಾ, ಹೋಟೆಲ್ ಎಲ್ಲ ಸೇರಿ ಸಿಂಗಪುರದ್ದು ನಮಗೆ ತಲೆಗೆ ಹತ್ತಿರ ಹತ್ತಿರ ಎರಡು ಪಟ್ಟು ಬಿತ್ತು. ಟಿಕೆಟ್ ಬೆಲೆ ನೋಡಿ ಮೋಸ ಹೋಗಬೇಡಿ. ದಿನಕ್ಕಿಷ್ಟು ಅಂತ ಟಿಪ್ಸ್ ಮಕ್ಕಳ ಲೆಕ್ಕಕ್ಕೂ ಸೇರುತ್ತದೆ. ನಡುಸಮುದ್ರದಲ್ಲಿ ಮೊಬೈಲ್ ಹಡಗಿನ ಸಿಗ್ನಲ್ ಹಿಡಿದರೆ ರೋಮಿಂಗ್ ಬಿಲ್ ಗಾಬರಿ ಹುಟ್ಟಿಸುತ್ತದೆ, ಹತ್ತಿದ ಕೂಡಲೇ ಏರೋಪ್ಲೇನ್ ಮೋಡ್‌ಗೆ ಹಾಕಿ. ಹಿರಿಯರಿಗೆ ಇನ್ಶೂರೆನ್ಸ್ ತಪ್ಪಿಸಬೇಡಿ, ಹಡಗಿನ ಡಾಕ್ಟರ್ ಫೀಸು ದುಬಾರಿ.

ಕಾಲವನ್ನೂ ನೋಡಿಕೊಳ್ಳಿ. ಮಳೆಗಾಲದಲ್ಲಿ ಅರಬ್ಬೀ ಸಮುದ್ರದ ಸಹವಾಸ ಬೇಡ. ಡಿಸೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು. ಸಿಂಗಪುರದ ಹಡಗು ಸಾಗುವ ಮಲಾಕ್ಕಾ ಜಲಸಂಧಿಗೆ ಒಂದು ಕಡೆ ಸುಮಾತ್ರಾ, ಇನ್ನೊಂದು ಕಡೆ ಮಲಯಾ ನೆಲ ಅಡ್ಡ ಇರುವುದರಿಂದ ಅಲೆ ಕಡಿಮೆ. ಬೇಸಿಗೆ ರಜೆಯಲ್ಲೂ ಹೋಗಬಹುದು.

ನನ್ನ ಚಿಕ್ಕಮ್ಮನ ಮಗ ಈಗ ಇದೇ ಲೆಕ್ಕಾಚಾರದಲ್ಲಿದ್ದಾನೆ. ಅವನ ತಾಯಿಗೆ ಮಂಡಿ ಆಪರೇಶನ್ ಆಗಿದೆ. ಪೆನಾಂಗ್ ಇರುವ ಪ್ರಯಾಣ ಹಿಡಿ, ಫುಕೆಟ್ ದಿನ ಅವರನ್ನು ಬಾಲ್ಕನಿಯಲ್ಲಿ ಬಿಟ್ಟುಬಿಡು ಅಂದಿದ್ದೇನೆ. ಎಲ್ಲರ ಕಾಲೂ ಗಟ್ಟಿಯಿದ್ದ ಮನೆಯವರಿಗಾದರೆ ಮುಂಬೈ ಹಡಗನ್ನೇ ಹೇಳುತ್ತಿದ್ದೆ, ಅಗತ್ತಿಯ ನೀರಿಗೋಸ್ಕರ. ಆದರೆ ನಮ್ಮಮ್ಮ ಚಿಕ್ಕಮ್ಮನಿಗೆ ಫೋನ್ ಮಾಡಿ ಮುಂಬೈಗೇ ಹೋಗು ಅಂದಿದ್ದಾರೆ. ಆ ಹಡಗಿನಲ್ಲಿ ಅಮ್ಮನಿಗೆ ಹುಬ್ಬಳ್ಳಿಯ ಒಬ್ಬ ಗೆಳತಿ ಸಿಕ್ಕಿದ್ದರು. ಸಿಂಗಪುರದ ಹಡಗಿನಲ್ಲಿ ಮಾತಿಗೆ ಯಾರೂ ಇರಲಿಲ್ಲ.