ಕೆಸರಿನಲ್ಲಿ ಹೂತ ಟ್ರ್ಯಾಕ್ಟರಿನ ಚಕ್ರಕ್ಕೆ ದಿಮ್ಮಿ ಕಟ್ಟಬೇಡಿ

ಮರಗಳ ನಡುವಿನ ಕಡಿದಾದ ನೆಲದಲ್ಲಿ, ಅದೂ ಮಳೆಗೆ ನೆನೆದು ಕೆಸರಾದ ಮೇಲೆ, ಟ್ರ್ಯಾಕ್ಟರ್ ಓಡಿಸಬೇಕಾದವರು ಮೊದಲು ಯೋಚಿಸುವುದು ಹಿಂದಿನ ಚಕ್ರಗಳ ಹಿಡಿತವನ್ನು ಹೇಗೆ ಹೆಚ್ಚಿಸುವುದು ಎಂದು. ಹಿಡಿತ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮುಂದಿನ ಚಕ್ರಗಳನ್ನು ನೆಲಕ್ಕೆ ಒತ್ತಿ ಹಿಡಿಯುವಷ್ಟು ತೂಕ ಮುಂಭಾಗದಲ್ಲಿ ಇಲ್ಲದಿದ್ದರೆ, ಹಿಂದೆ ಸಿಕ್ಕ ಆ ಹಿಡಿತವೇ ಟ್ರ್ಯಾಕ್ಟರನ್ನು ಚಾಲಕನ ಮೇಲೆ ಮಗುಚಿ ಹಾಕಬಲ್ಲದು. ನಮ್ಮ ಮನೆತನದ ಹುಡುಗನೊಬ್ಬನಿಗೆ ಆದ ಅವಘಡವನ್ನು ಇಲ್ಲಿ ಬರೆಯುತ್ತಿರುವುದು ಇನ್ನೊಬ್ಬರು ಅದೇ ಸಲಹೆಯನ್ನು ಕೇಳಿ ಅದೇ ಕೆಲಸ ಮಾಡಬಾರದು ಎಂಬ ಒಂದೇ ಕಾರಣಕ್ಕೆ.

ಗಾಳಿಗೆ ಉರುಳಿದ ಮರಗಳನ್ನು ತುಂಡು ಮಾಡಿ, ದಿಮ್ಮಿಗಳನ್ನು ಇಳಿಜಾರಿನ ಕೆಳಗಿನಿಂದ ಮೇಲಿನ ದಾರಿಗೆ ಎಳೆದು ತರುವ ಕೆಲಸವದು. ಟ್ರ್ಯಾಕ್ಟರ್ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಎಂಜಿನ್ ಶಕ್ತಿ ಹೋಗುವಂಥದ್ದು. ಕೆಲಸಕ್ಕೆ ಮುಂಚೆ ಟೈರ್ ಅಂಗಡಿಯವರು ಹಿಂದಿನ ಟೈರುಗಳಿಗೆ ನೀರು ತುಂಬಿಸಿ, ಇನ್ನು ಯಾವ ಏರೂ ನಿಮ್ಮನ್ನು ತಡೆಯುವುದಿಲ್ಲ ಎಂದು ಭರವಸೆ ಕೊಟ್ಟಿದ್ದರು. ಮುಂದೆ ಎಷ್ಟು ತೂಕ ಹಾಕಬೇಕು ಎಂಬುದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಟ್ರ್ಯಾಕ್ಟರ್ ಓಡಿಸುತ್ತಿದ್ದವನು ನನ್ನ ಚಿಕ್ಕಪ್ಪನ ಮಗ. ದಿಮ್ಮಿಯ ತುದಿ ಮಣ್ಣಿಗೆ ಚುಚ್ಚಿಕೊಳ್ಳದಿರಲಿ ಎಂದು ಅದನ್ನು ಹಿಂದಿನ ಲಿಫ್ಟ್ ತೋಳುಗಳಿಗೆ ಸರಪಳಿಯಿಂದ ಎತ್ತರಿಸಿ ಕಟ್ಟಲಾಗಿತ್ತು.

ಏರಿನ ಅರ್ಧದಲ್ಲಿ ಚಕ್ರಗಳು ಜಾರತೊಡಗಿದವು. ಮೇಲೆ ಕೊಳೆತ ಎಲೆಗಳ ಪದರ, ಅದರ ಕೆಳಗೆ ನೀರು ಕುಡಿದ ಜೇಡಿಮಣ್ಣು, ನಡುವೆ ಸಿಪ್ಪೆ ಸುಲಿದ ಬೇರುಗಳು. ಇಂಥ ನೆಲದಲ್ಲಿ ಚಕ್ರ ಒಮ್ಮೆ ಗಿರಕಿ ಹೊಡೆಯಿತೆಂದರೆ ಟೈರಿನ ಹಲ್ಲುಗಳ ನಡುವೆ ಮಣ್ಣು ತುಂಬಿಕೊಂಡು ಟೈರು ನುಣುಪಾಗಿಬಿಡುತ್ತದೆ. ನೋಡುತ್ತಿದ್ದಂತೆ ಎರಡೂ ಚಕ್ರಗಳು ತಮ್ಮ ಗುಂಡಿಯನ್ನು ತಾವೇ ತೋಡಿಕೊಂಡು ಹೂತುಹೋದವು. ಆಗ ಕೆಲಸಕ್ಕೆ ಬಂದಿದ್ದವರಲ್ಲಿ ಅನುಭವಿ ಎಂದು ಹೆಸರಾಗಿದ್ದವರೊಬ್ಬರು ತೋಳಿನಷ್ಟು ದಪ್ಪದ ಒಂದು ಮರದ ತುಂಡನ್ನು ತಂದು, ಎರಡೂ ಹಿಂದಿನ ಚಕ್ರಗಳ ಮುಂದೆ ಅಡ್ಡಲಾಗಿಟ್ಟು, ಸರಪಳಿಯಿಂದ ಟೈರುಗಳಿಗೆ ಬಿಗಿದು ಕಟ್ಟಿದರು. ಚಕ್ರ ತಿರುಗಿದಾಗ ತುಂಡು ಅಡಿಗೆ ಹೋಗುತ್ತದೆ, ಚಕ್ರ ಅದರ ಮೇಲೇರಿ ಹೊರಬರುತ್ತದೆ ಎಂಬುದು ಅವರ ಲೆಕ್ಕ. ಮೊದಲ ಗೇರಿನಲ್ಲಿ ಕ್ಲಚ್ ಬಿಟ್ಟ ಕ್ಷಣದಲ್ಲಿ ತುಂಡು ಗುಂಡಿಯ ಅಂಚಿಗೆ ಕಚ್ಚಿಕೊಂಡಿತು, ಚಕ್ರಗಳು ನಿಂತಲ್ಲೇ ನಿಂತವು, ಟ್ರ್ಯಾಕ್ಟರ್ ಮೂತಿ ಎತ್ತಿತು. ಅವನು ಕ್ಲಚ್ ತುಳಿಯದಿದ್ದರೆ ಈ ಬರಹದ ವಿಷಯವೇ ಬೇರೆಯಾಗುತ್ತಿತ್ತು. ಮೂತಿ ಧೊಪ್ಪೆಂದು ನೆಲಕ್ಕಿಳಿದು, ಟ್ರ್ಯಾಕ್ಟರ್ ಹಿಂದಕ್ಕೆ ಜಾರಿ, ಒಂದು ಬದಿಗೆ ವಾಲಿ ಮರವೊಂದಕ್ಕೆ ಒರಗಿ ನಿಂತಿತು. ಮಗುಚಿದರೂ ಚಾಲಕ ಅಡಿಗೆ ಸಿಕ್ಕದಂತೆ ಕಾಯುವ ಉಕ್ಕಿನ ಚೌಕಟ್ಟು, ಅಂದರೆ ರೋಲ್ ಬಾರ್, ನೆಟ್ಟಗಿತ್ತು, ಸೀಟ್ ಬೆಲ್ಟ್ ಕಟ್ಟಿತ್ತು. ಹಾಗಾಗಿ ಮುಂಗೈ ಮೂಳೆ ಮುರಿದದ್ದರಲ್ಲಿಯೇ ಮುಗಿಯಿತು.

ಹೀಗೇಕಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ಚಕ್ರಕ್ಕೆ ತುಂಡು ಕಟ್ಟುವ ಉಪಾಯವನ್ನು ಹಲವು ಸಲ ಮಾಡಿ ಪಾರಾದವರು ಅದನ್ನು ಸುರಕ್ಷಿತವೆಂದೇ ಹೇಳುತ್ತಾರೆ. ಎಂಜಿನ್ ಹಿಂದಿನ ಆಕ್ಸಲ್ ಅನ್ನು, ಅಂದರೆ ಚಕ್ರಗಳ ಅಚ್ಚನ್ನು, ತಿರುಗಿಸುವಾಗ ಅಷ್ಟೇ ಬಲದ ವಿರುದ್ಧ ತಿರುಚು ಟ್ರ್ಯಾಕ್ಟರಿನ ಒಡಲಿನ ಮೇಲೂ ಬೀಳುತ್ತದೆ. ಚಕ್ರ ಉರುಳುತ್ತಿರುವಾಗ ಅಥವಾ ಜಾರುತ್ತಿರುವಾಗ ಆ ತಿರುಚಿಗೆ ಒಂದು ಮಿತಿ ಇರುತ್ತದೆ. ಚಕ್ರ ಅಲುಗದಂತೆ ಕಟ್ಟಿಹಾಕಿದರೆ ಆಕ್ಸಲ್ ತಿರುಗುವ ಬದಲು ಇಡೀ ಒಡಲೇ ಆಕ್ಸಲ್ಲಿನ ಸುತ್ತ ತಿರುಗಿ ಮೇಲೇಳುತ್ತದೆ. ಕೆಳಗಿನ ಗೇರಿನಲ್ಲಿ ಈ ಬಲ ಅತಿ ಹೆಚ್ಚು. ಹೂತ ಟ್ರ್ಯಾಕ್ಟರನ್ನು ಎಲ್ಲರೂ ಹೊರತೆಗೆಯಲು ನೋಡುವುದೂ ಅದೇ ಗೇರಿನಲ್ಲಿ. ಚಕ್ರ ಜಾರುವುದನ್ನು ನಾವು ಶತ್ರುವೆಂದು ತಿಳಿಯುತ್ತೇವೆ, ಆದರೆ ಇಳಿಜಾರಿನಲ್ಲಿ ಟ್ರ್ಯಾಕ್ಟರನ್ನು ಮಗುಚದಂತೆ ಕಾಯುತ್ತಿರುವುದು ಎಷ್ಟೋ ಸಲ ಆ ಜಾರುವಿಕೆಯೇ.

ಇಳಿಜಾರು ಇದಕ್ಕೆ ಇನ್ನಷ್ಟು ಸೇರಿಸುತ್ತದೆ. ಹಿಂಚಕ್ರ ಚಾಲನೆಯ ಸಾಧಾರಣ ಟ್ರ್ಯಾಕ್ಟರಿನ ಗುರುತ್ವ ಕೇಂದ್ರ, ಅಂದರೆ ಇಡೀ ತೂಕ ಕೂಡಿದೆ ಎಂದುಕೊಳ್ಳಬಹುದಾದ ಬಿಂದು, ಹಿಂದಿನ ಆಕ್ಸಲ್ಲಿಗಿಂತ ಸುಮಾರು 60 ಸೆಂಟಿಮೀಟರ್ ಮುಂದೆ ಮತ್ತು 25 ಸೆಂಟಿಮೀಟರ್ ಮೇಲೆ ಇರುತ್ತದೆ. ಚಕ್ರದ ತ್ರಿಜ್ಯ 65 ಸೆಂಟಿಮೀಟರ್ ಎಂದುಕೊಂಡರೆ ಆ ಕೇಂದ್ರ ನೆಲದಿಂದ 90 ಸೆಂಟಿಮೀಟರ್ ಎತ್ತರದಲ್ಲಿದೆ. ಸಮತಟ್ಟಾದ ನೆಲದಲ್ಲಿ ಅದರಿಂದ ಇಳಿಬಿಟ್ಟ ಲಂಬರೇಖೆ ಹಿಂದಿನ ಟೈರು ನೆಲ ಮುಟ್ಟುವ ಜಾಗಕ್ಕಿಂತ 60 ಸೆಂಟಿಮೀಟರ್ ಮುಂದೆ ಬಿದ್ದರೆ, 20 ಡಿಗ್ರಿಯ ಏರಿನಲ್ಲಿ ಅದೇ ಅಂತರ ಸುಮಾರು 25 ಸೆಂಟಿಮೀಟರಿಗೆ ಇಳಿಯುತ್ತದೆ. ಆ ರೇಖೆ ಟೈರು ನೆಲ ಮುಟ್ಟುವ ಜಾಗದ ಹಿಂದಕ್ಕೆ ಸರಿದರೆ ಟ್ರ್ಯಾಕ್ಟರ್ ಮಗುಚುತ್ತದೆ. ಇದರ ಮೇಲೆ ಹಿಂದೆ ದಿಮ್ಮಿಯ ಎಳೆತ, ಟೈರಿನೊಳಗಿನ ನೀರು ಕೊಟ್ಟ ಹೆಚ್ಚಿನ ಹಿಡಿತ, ಎತ್ತರದಲ್ಲಿ ಕಟ್ಟಿದ ಸರಪಳಿ ಎಲ್ಲವೂ ಸೇರಿದವು. ಮೂತಿ ಎದ್ದ ಟ್ರ್ಯಾಕ್ಟರ್ ಮರಳಿ ಇಳಿಯಲಾರದ ಹಂತವನ್ನು ತಲುಪಲು ಮುಕ್ಕಾಲು ಸೆಕೆಂಡ್ ಸಾಕು, ಪೂರ್ತಿ ಮಗುಚಲು ಒಂದೂವರೆ ಸೆಕೆಂಡ್ ಸಾಕು ಎಂದು ಕೃಷಿ ಸುರಕ್ಷತೆಯ ಕೈಪಿಡಿಗಳು ಹೇಳುತ್ತವೆ. ಕಣ್ಣು ಕಂಡದ್ದಕ್ಕೆ ಕಾಲು ಕ್ಲಚ್ ತುಳಿಯಲು ಬೇಕಾಗುವ ಸಮಯವೂ ಹೆಚ್ಚುಕಡಿಮೆ ಅಷ್ಟೇ ಆದ್ದರಿಂದ, ನನ್ನ ತಮ್ಮ ಬದುಕಿದ್ದನ್ನು ಚಾಲನೆಯ ಕೌಶಲವೆಂದು ಯಾರೂ ಉದಾಹರಿಸಬಾರದು.

ಹೂತುಹೋದಾಗ ಮಾಡಬೇಕಾದದ್ದು ಬೇರೆಯೇ ಇದೆ. ಚಕ್ರ ಗಿರಕಿ ಹೊಡೆಯತೊಡಗಿದ ಕೂಡಲೇ ಆಕ್ಸಿಲರೇಟರ್ ಬಿಡಬೇಕು. ಗುಂಡಿ ಆಳವಾದಷ್ಟೂ ಅಪಾಯ ಹೆಚ್ಚು. ಹೊರೆಯ ಸರಪಳಿ ಕಳಚಿ, ಚಕ್ರಗಳ ಹಿಂದಿನ ಮಣ್ಣನ್ನು ಸಲಿಕೆಯಿಂದ ಇಳಿಜಾರಾಗಿ ತೆಗೆದು, ಬಂದ ಹಾದಿಯಲ್ಲೇ ಹಿಮ್ಮುಖವಾಗಿ ಹೊರಬರಬೇಕು. ರಿವರ್ಸ್ ಗೇರಿನಲ್ಲಿ ಅದೇ ತಿರುಚು ಮೂತಿಯನ್ನು ಎತ್ತುವ ಬದಲು ನೆಲಕ್ಕೆ ಒತ್ತುತ್ತದೆ. ಹಿಂಚಕ್ರ ಚಾಲನೆಯ ಟ್ರ್ಯಾಕ್ಟರಿನಲ್ಲಿ ಕಡಿದಾದ ಏರನ್ನು ಹತ್ತಲೇಬೇಕಾದರೆ ರಿವರ್ಸಿನಲ್ಲಿ ಹತ್ತಿ ಎನ್ನುವುದೂ ಇದೇ ಕಾರಣಕ್ಕೆ. ಒಂದೇ ಚಕ್ರ ತಿರುಗಿ ಇನ್ನೊಂದು ಸುಮ್ಮನಿದ್ದರೆ, ಎರಡನ್ನೂ ಒಟ್ಟಿಗೇ ತಿರುಗುವಂತೆ ಬಿಗಿಯುವ ಡಿಫರೆನ್ಶಿಯಲ್ ಲಾಕ್ ನೆರವಾಗುತ್ತದೆ. ಆದರೆ ಅದನ್ನು ಚಕ್ರ ಜೋರಾಗಿ ತಿರುಗುತ್ತಿರುವಾಗ ಹಾಕಬಾರದು, ಹಾಕಿಕೊಂಡು ತಿರುವು ತೆಗೆದುಕೊಳ್ಳಲೂಬಾರದು; ಲಾಕ್ ಬಿದ್ದ ಟ್ರ್ಯಾಕ್ಟರ್ ಸ್ಟಿಯರಿಂಗಿನ ಮಾತು ಕೇಳುವುದಿಲ್ಲ.

ಟೈರಿಗೆ ನೀರು ತುಂಬಿಸುವುದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕವಾಟವನ್ನು ಮೇಲಕ್ಕೆ ತಂದು ಅದರ ಮಟ್ಟದವರೆಗೆ ತುಂಬಿಸಿದರೆ ಟೈರಿನ ಸುಮಾರು 75 ಪ್ರತಿಶತ ತುಂಬುತ್ತದೆ. ಆ ತೂಕ ಕೆಳಮಟ್ಟದಲ್ಲಿ ಇರುವುದರಿಂದ ಟ್ರ್ಯಾಕ್ಟರ್ ಪಕ್ಕಕ್ಕೆ ಉರುಳುವ ಅಪಾಯ ಕೂಡ ತಗ್ಗುತ್ತದೆ. ಹಿಂದೆ ತೂಕ ಹಾಕಿದವರು ಮುಂದೆಯೂ ಹಾಕಬೇಕೆಂಬುದಷ್ಟೇ ನನ್ನ ಒತ್ತಾಯ. ಒಟ್ಟು ತೂಕದ ಕನಿಷ್ಠ 20 ಪ್ರತಿಶತವಾದರೂ ಮುಂದಿನ ಆಕ್ಸಲ್ ಮೇಲಿರಬೇಕು ಎಂಬುದು ರೂಢಿಯ ನಿಯಮ, ಮತ್ತು ಅದನ್ನು ಹೊರೆ ಕಟ್ಟಿದ ಸ್ಥಿತಿಯಲ್ಲಿ ನೋಡಬೇಕೇ ಹೊರತು ಖಾಲಿ ನಿಂತಾಗ ಅಲ್ಲ. ಹೊರೆಯನ್ನು ಡ್ರಾಬಾರಿಗೆ, ಅಂದರೆ ಹಿಂದೆ ಕೆಳಮಟ್ಟದಲ್ಲಿರುವ ಎಳೆಯುವ ಪಟ್ಟಿಗೆ, ಮಾತ್ರ ಕಟ್ಟಬೇಕು; ಲಿಫ್ಟ್ ತೋಳುಗಳ ಮೇಲಿರುವ ಜೋಡಣೆಯ ಸರಳಾದ ಟಾಪ್ ಲಿಂಕಿಗಾಗಲಿ ಆಕ್ಸಲ್ಲಿಗಾಗಲಿ ಎತ್ತರಿಸಿದ ತೋಳುಗಳಿಗಾಗಲಿ ಎಂದೂ ಕಟ್ಟಬಾರದು.

ಟೈರಿನ ಗಾಳಿ ಇಳಿಸಿದರೆ ನೆಲ ಮುಟ್ಟುವ ಭಾಗ ಅಗಲವಾಗಿ ಹಿಡಿತ ಹೆಚ್ಚುತ್ತದೆ, ನಿಜ. ತಯಾರಕರ ಪಟ್ಟಿಯಲ್ಲಿರುವ ಕನಿಷ್ಠ ಒತ್ತಡಕ್ಕಿಂತ ಕೆಳಗೆ ಇಳಿಸಿ ಅಡ್ಡ ಇಳಿಜಾರಿನಲ್ಲಿ ಹೋದರೆ ಟೈರು ರಿಮ್ಮಿನಿಂದಲೇ ಕಳಚಿಕೊಳ್ಳಬಹುದು. ಸರಪಳಿ ಸುತ್ತುವುದಾದರೆ ಬರಿಯ ಏಣಿಯಂತೆ ಅಡ್ಡಪಟ್ಟಿಗಳಿರುವುದಕ್ಕಿಂತ ಬಲೆಯಂತೆ ಹೆಣೆದದ್ದು ಒಳ್ಳೆಯದು, ಏಕೆಂದರೆ ಮೊದಲಿನದು ಪಕ್ಕಕ್ಕೆ ಜಾರುವುದನ್ನು ಅಷ್ಟಾಗಿ ತಡೆಯುವುದಿಲ್ಲ. ಸ್ವಲ್ಪ ದೂರ ಓಡಿಸಿದ ಮೇಲೆ ನಿಲ್ಲಿಸಿ ಮತ್ತೆ ಬಿಗಿ ಮಾಡಬೇಕು.

ಹತ್ತುವಾಗ ನೆರವಾದ ಈ ಯಾವ ಉಪಾಯವೂ ಇಳಿಯುವಾಗ ಅಷ್ಟೇ ಕೆಲಸಕ್ಕೆ ಬರುತ್ತದೆಂದು ನಂಬಬೇಡಿ. ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಬ್ರೇಕ್ ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. ಇಳಿಯುವಾಗ ತೂಕ ಮುಂದಕ್ಕೆ ಸರಿದು ಅವೇ ಚಕ್ರಗಳು ಹಗುರವಾಗುತ್ತವೆ, ಬ್ರೇಕ್ ಒತ್ತಿದರೆ ತಿರುಗುವುದು ನಿಂತು ಜಾರುತ್ತವೆ. ಫೋರ್ ವೀಲ್ ಡ್ರೈವ್ ಇರುವವರು ಇಳಿಯುವ ಮೊದಲೇ ಅದನ್ನು ಹಾಕಿಕೊಂಡರೆ ಎಂಜಿನ್ನಿನ ತಡೆ ಮುಂದಿನ ಚಕ್ರಗಳಿಗೂ ತಲುಪುತ್ತದೆ. ಎಡ ಬಲ ಬ್ರೇಕ್ ಪೆಡಲುಗಳನ್ನು ಕೊಂಡಿ ಹಾಕಿ ಜೋಡಿಸಿರಬೇಕು, ಕೆಳಗಿನ ಗೇರಿನಲ್ಲಿ ಇಳಿಯಬೇಕು, ಕ್ಲಚ್ ತುಳಿದುಕೊಂಡು ಇಳಿಯಲೇಬಾರದು.

ರೋಲ್ ಬಾರ್ ಕೊಂಬೆಗಳಿಗೆ ತಗಲುತ್ತದೆಂದು ಕಾಡಿನೊಳಗೆ ಅದನ್ನು ಮಡಚಿಡುವವರು ಬಹಳ ಮಂದಿ. ಸ್ವೀಡನ್ ದೇಶವು 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಈ ರಕ್ಷಣೆಯನ್ನು ಕಡ್ಡಾಯ ಮಾಡಿತು, ಆಮೇಲೆ ಅಲ್ಲಿ ಮಗುಚಿ ಸಾಯುವವರ ಸಂಖ್ಯೆ ಬಹಳ ಇಳಿಯಿತು. ಕೊಂಬೆಯನ್ನು ಕಡಿಯಿರಿ, ಬಾರನ್ನು ಮಡಚಬೇಡಿ. ಬಾರ್ ನೆಟ್ಟಗಿದ್ದರೆ ಬೆಲ್ಟ್ ಕಟ್ಟಿ, ಬಾರ್ ಇಲ್ಲದ ಟ್ರ್ಯಾಕ್ಟರಿನಲ್ಲಿ ಬೆಲ್ಟ್ ಕಟ್ಟಬೇಡಿ, ಮತ್ತು ಅಂಥದ್ದನ್ನು ಇಂಥ ನೆಲಕ್ಕೆ ಒಯ್ಯಲೂಬೇಡಿ.

ಈಗ ನಾವು ನೆನೆದ ಇಳಿಜಾರಿಗೆ ಟ್ರ್ಯಾಕ್ಟರನ್ನು ಇಳಿಸುವುದಿಲ್ಲ. ಮೇಲಿನ ಗಟ್ಟಿ ದಾರಿಯಲ್ಲಿ ನಿಲ್ಲಿಸಿ, ಹಿಂದೆ ಜೋಡಿಸುವ, ಹಗ್ಗ ಸುತ್ತಿಕೊಂಡು ಎಳೆಯುವ ಯಂತ್ರವಾದ ವಿಂಚಿನ ಕೆಳಗಿನ ಹಲಗೆಯನ್ನು ನೆಲಕ್ಕೆ ಊರಿ, ಉಕ್ಕಿನ ಹಗ್ಗದಿಂದ ದಿಮ್ಮಿಯನ್ನು ಎಳೆದುಕೊಳ್ಳುತ್ತೇವೆ. ಕೆಲಸ ನಿಧಾನ, ಆದರೆ ಚಕ್ರದ ಹಿಡಿತದ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಎಳೆತ ಟ್ರ್ಯಾಕ್ಟರಿನ ನೇರ ಹಿಂದಿನಿಂದಲೇ ಬರುವಂತೆ ನೋಡಿಕೊಳ್ಳಬೇಕು, ಪಕ್ಕದ ಎಳೆತ ಅದನ್ನು ಉರುಳಿಸಬಲ್ಲದು. ದಿಮ್ಮಿ ಓರೆಯಲ್ಲಿದ್ದರೆ ಗಟ್ಟಿ ಮರದ ಬುಡಕ್ಕೆ ರಾಟೆ ಕಟ್ಟಿ ಹಗ್ಗದ ದಿಕ್ಕು ಬದಲಿಸಬಹುದು. ಆಗ ಹಗ್ಗ ಬಾಗುವ ಕೋನದ ಒಳಭಾಗದಲ್ಲಿ ಯಾರೂ ನಿಲ್ಲದಂತೆ ಮೊದಲೇ ಹೇಳಿ ದೂರ ಕಳಿಸಿ, ಏಕೆಂದರೆ ರಾಟೆಯ ಕಟ್ಟು ಕಿತ್ತುಬಂದರೆ ಹಗ್ಗ ಹಾರಿಬರುವುದು ಆ ಕಡೆಗೇ.