ಜಪಾನ್‌ನಿಂದ ಡ್ರೆಸ್ ತರಿಸಿಕೊಡ್ತೀನಿ ಅನ್ನುವವರಿಗೆ ದುಡ್ಡು ಹಾಕುವ ಮುಂಚೆ ಇದನ್ನು ಓದಿ

ಟೋಕಿಯೋದ ಹರಾಜುಕು ಬೀದಿಗಳ ಫ್ಯಾಷನ್ ಹುಚ್ಚು ಹಿಡಿಸಿಕೊಂಡಿರುವ ನಮ್ಮವರಿಗೆ, ಅದರಲ್ಲೂ ಕಾಲೇಜಿನಲ್ಲಿ ಓದುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಜಪಾನ್‌ನಿಂದ ಬಟ್ಟೆ ತರಿಸಿಕೊಡುವ 'ಗ್ರೂಪ್ ಆರ್ಡರ್' ನಡೆಸುವ ಒಬ್ಬಾಕೆ ನನ್ನಿಂದ 31,500 ರೂಪಾಯಿ ತಗೊಂಡಳು. ಟೋಕಿಯೋದ ಸೆಕೆಂಡ್ ಹ್ಯಾಂಡ್ ಡ್ರೆಸ್ ಅಂತ ಹೇಳಿ ಚೀನಾದಿಂದ ನಕಲಿ ಮಾಲು ಕಳಿಸಿದಳು. ನನ್ನೊಬ್ಬಳಿಗೇ ಅಲ್ಲ, ಇನ್ನೂ ಹಲವರಿಗೆ ಹೀಗೇ ಮಾಡಿದ್ದಾಳೆ. ಇಲ್ಲಿ ಆಕೆಯ ಹೆಸರು ಹಾಕುವುದಿಲ್ಲ. ದೂರು ಪೊಲೀಸರ ಬಳಿ ಇದೆ, ಮೇಲಾಗಿ ಆಕೆ ಹೆಸರು ಬದಲಿಸುತ್ತಲೇ ಇರುತ್ತಾಳೆ. ಕೆಲಸ ನಡೆಸುವ ರೀತಿ ಗೊತ್ತಿದ್ದರೆ ನಿಮಗೆ ಅದೇ ಜಾಸ್ತಿ ಉಪಯೋಗ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ನನಗೆ ಇಷ್ಟವಾದದ್ದು ಲೋಲಿಟಾ ಶೈಲಿ. ಗಂಟೆಯ ಹಾಗೆ ಉಬ್ಬಿದ ಸ್ಕರ್ಟು, ಒಳಗೆ ಪೆಟಿಕೋಟು, ಮೈತುಂಬ ಲೇಸು, ತಲೆಗೆ ದೊಡ್ಡ ಬೋ. ಹೆಸರು ಕೇಳಿ ಏನೇನೋ ಅಂದುಕೊಳ್ಳಬೇಡಿ. ಕತ್ತಿನಿಂದ ಕಾಲ್ಚೀಲದವರೆಗೆ ಮೈ ಮುಚ್ಚುವ ಉಡುಪು ಇದು. ಕಾಸ್‌ಪ್ಲೇಯೂ ಅಲ್ಲ, ಅಂದರೆ ಸಿನಿಮಾ, ಕಾರ್ಟೂನು ಪಾತ್ರದ ವೇಷ ಹಾಕುವುದಲ್ಲ. 2009ರಲ್ಲಿ ಜಪಾನಿನ ವಿದೇಶಾಂಗ ಸಚಿವಾಲಯ ಮೂವರು ಯುವತಿಯರನ್ನು 'ಕವಾಯಿ' (ಅಂದರೆ ಮುದ್ದು) ಫ್ಯಾಷನ್ನಿನ ರಾಯಭಾರಿಗಳನ್ನಾಗಿ ಮಾಡಿತ್ತು. ಅವರಲ್ಲಿ ಲೋಲಿಟಾ ಉಡುಪಿನವರು ಮಿಸಾಕೋ ಆಓಕಿ. ಮಾಡೆಲ್ ಆಗಿದ್ದುಕೊಂಡೇ ನರ್ಸ್ ಕೆಲಸವನ್ನೂ ಮಾಡುವವರು. ಡ್ಯೂಟಿ ಮುಗಿಸಿ ತನಗಿಷ್ಟದ ಫ್ರಾಕ್ ಹಾಕಿಕೊಂಡು ಹೊರಡುವ ನರ್ಸಮ್ಮ! ನಾನು ಈ ಕಡೆ ವಾಲಿದ್ದೇ ಅವರಿಂದ.

ಈ ಬಟ್ಟೆಗಳದ್ದು ಒಂದು ತಕರಾರು. ಏಂಜೆಲಿಕ್ ಪ್ರೆಟಿ, ಬೇಬಿ ದ ಸ್ಟಾರ್ಸ್ ಶೈನ್ ಬ್ರೈಟ್ ಥರದ ಬ್ರ್ಯಾಂಡುಗಳು ಒಂದೊಂದು ಪ್ರಿಂಟನ್ನು ಸ್ವಲ್ಪವೇ ಹೊಲಿಸುತ್ತವೆ. ಮುಗಿದರೆ ಮುಗಿಯಿತು. ಅದೃಷ್ಟವಿದ್ದರೆ ವರ್ಷಗಳ ಮೇಲೆ ಮತ್ತೆ ಬಿಡುಗಡೆ ಮಾಡುತ್ತಾರೆ. ಹಾಗಾಗಿ ಹಳೆಯ ಪ್ರಿಂಟು ಬೇಕು ಅಂದರೆ ಸೆಕೆಂಡ್ ಹ್ಯಾಂಡೇ ದಾರಿ. ಕ್ಲಾಸೆಟ್ ಚೈಲ್ಡ್ ಥರದ ಅಂಗಡಿಗಳಿವೆ, ಯಾಹೂ ಹರಾಜು ಇದೆ, ಮೆರ್ಕಾರಿ ಅನ್ನುವ ಆ್ಯಪ್ ಇದೆ. ಮೆರ್ಕಾರಿಯಲ್ಲಿ ಸಾಮಾನ್ಯ ಜನರೇ ತಮ್ಮ ಬೀರು ಖಾಲಿ ಮಾಡಿ ಮಾರುವುದರಿಂದ ಬೆಲೆ ಕಡಿಮೆ. ಆದರೆ ಅವರು ಜಪಾನ್ ಒಳಗಿನ ವಿಳಾಸಕ್ಕೆ ಮಾತ್ರ ಕಳಿಸುತ್ತಾರೆ. ನಮ್ಮಂಥವರಿಗಾಗಿಯೇ ಪ್ರಾಕ್ಸಿ ಕಂಪನಿಗಳಿವೆ. ಅವರು ಅಲ್ಲಿ ಕೊಂಡು, ತಮ್ಮ ಗೋದಾಮಿನಲ್ಲಿಟ್ಟು, ಆಮೇಲೆ ನಮ್ಮ ವಿಳಾಸಕ್ಕೆ ಕಳಿಸುತ್ತಾರೆ.

ಪ್ರಾಕ್ಸಿಗೆ ಕಾರ್ಡ್ ಬೇಕು. ನಮ್ಮ ದೇಶದಲ್ಲಿ 2020ರಿಂದ ಹೊಸ ಕಾರ್ಡುಗಳಲ್ಲಿ ವಿದೇಶಿ ಪಾವತಿ ಬಂದ್ ಆಗಿಯೇ ಬರುತ್ತದೆ, ನಾವೇ ಆನ್ ಮಾಡಿಕೊಳ್ಳಬೇಕು. ಎಷ್ಟೋ ಡೆಬಿಟ್ ಕಾರ್ಡು ಆನ್ ಮಾಡಿದರೂ ನಡೆಯುವುದಿಲ್ಲ. ಓದುವ ಹುಡುಗಿಯರ ಹತ್ತಿರ ಕ್ರೆಡಿಟ್ ಕಾರ್ಡ್ ಎಲ್ಲಿಂದ ಬರಬೇಕು? ಅವರ ಹತ್ತಿರ ಇರುವುದು ಯುಪಿಐ. ಗ್ರೂಪ್ ಆರ್ಡರ್‌ನವರು ನಿಂತಿರುವುದು ಈ ಸಂದಿಯಲ್ಲೇ. ಹತ್ತಾರು ಜನರ ಆರ್ಡರ್ ಒಟ್ಟು ಮಾಡಿ, ಒಂದೇ ಪೆಟ್ಟಿಗೆಯಲ್ಲಿ ತರಿಸಿ, ಇಲ್ಲಿ ಹಂಚುತ್ತಾರೆ. ನಿಯತ್ತಾಗಿ ಮಾಡುವವರೂ ಇದ್ದಾರೆ, ಸುಳ್ಳು ಹೇಳಬಾರದು. ಅಂಥವರಿಂದ ನನಗೆ ಬೀಡ್ಸು, ಬ್ಯಾಗು ಎಲ್ಲ ಸರಿಯಾಗಿಯೇ ಬಂದಿವೆ.

ಇದು ನಡೆದದ್ದು 2022ರ ಕೊನೆಯಲ್ಲಿ. ಆಕೆ ಚೆನ್ನಾಗಿ ಕನ್ನಡ ಮಾತಾಡುತ್ತಿದ್ದಳು. ಆಕೆಯ ಚಾಟ್ ಗ್ರೂಪಿನಲ್ಲಿ ಹಿಂದಿಯವರು ದೀದಿ ಅನ್ನೋರು, ನಾವು ಅಕ್ಕ ಅನ್ನುತ್ತಿದ್ದೆವು. ಒಸಾಕಾದಲ್ಲಿ ಕಸಿನ್ ಇದ್ದಾಳೆ, ಅವಳೇ ಕೊಂಡು ಪ್ಯಾಕ್ ಮಾಡಿ ಕಳಿಸುತ್ತಾಳೆ ಅಂತ ಹೇಳಿದ್ದಳು. ನಾನು ತುಂಬ ದಿನದಿಂದ ಹುಡುಕುತ್ತಿದ್ದ ಏಂಜೆಲಿಕ್ ಪ್ರೆಟಿ ಜೆಎಸ್‌ಕೆ, ಅಂದರೆ ಬ್ಲೌಸಿನ ಮೇಲೆ ಹಾಕುವ ತೋಳಿಲ್ಲದ ಫ್ರಾಕು, ಆಕೆಯ ಪಟ್ಟಿಯಲ್ಲಿ ಕಾಣಿಸಿತು. 2011ರ ಮೊದಲ ಬಿಡುಗಡೆ, ಒಂದೇ ಸಲ ಹಾಕಿದ್ದು, 28,000 ಯೆನ್.

ಲೆಕ್ಕ ನೋಡಿ. ಯೆನ್‌ಗೆ 70 ಪೈಸೆ ಅಂತ ಹಿಡಿದು 19,600. ಸರ್ವಿಸ್ ಅಂತ 2,000. ಆಮೇಲೆ ಶಿಪ್ಪಿಂಗ್ 3,400. ಅದಾದ ಮೇಲೆ 'ಕಸ್ಟಮ್ಸ್' 6,500. ಆ ಅಕ್ಟೋಬರಿನಲ್ಲಿ ಯೆನ್ ಪಾತಾಳಕ್ಕೆ ಇಳಿದಿತ್ತು. ಒಂದು ಡಾಲರಿಗೆ 150 ಯೆನ್ ದಾಟಿದ ದಿನಗಳು. ನಮ್ಮ ರೂಪಾಯಿಯಲ್ಲಿ ಒಂದು ಯೆನ್‌ಗೆ 56 ಪೈಸೆ ಆಸುಪಾಸು. ದರದಲ್ಲೇ ಸುಮಾರು ನಾಲ್ಕು ಸಾವಿರ ಹೊಡೆದಿದ್ದಾಳೆ. ಅದರ ಮೇಲೆ ಸರ್ವಿಸ್ ಬೇರೆ! ದುಡ್ಡನ್ನು ಒಟ್ಟಿಗೆ ಕೇಳದೆ ಕಂತು ಕಂತಾಗಿ ಕೇಳುವುದರಲ್ಲೂ ಲೆಕ್ಕಾಚಾರ ಇದೆ. ಇಪ್ಪತ್ತು ಸಾವಿರ ಆಗಲೇ ಕೊಟ್ಟಾಗಿದೆ, ಇನ್ನು ಮೂರು ಸಾವಿರಕ್ಕೆ ಬಿಟ್ಟುಬಿಡೋದಾ ಅಂತ ಯಾರಿಗಾದರೂ ಅನ್ನಿಸುತ್ತದೆ. ಪ್ರತಿ ಕಂತಿಗೂ ಬೇರೆ ಯುಪಿಐ ಐಡಿ. ಸ್ಕ್ರೀನಿನಲ್ಲಿ ಬರುವ ಹೆಸರು ಒಂದರಲ್ಲೂ ಆಕೆಯದಲ್ಲ.

ಕಸ್ಟಮ್ಸ್ ವಿಷಯ ಬಿಡಿಸಿ ಹೇಳಬೇಕು, ಇದರಲ್ಲೇ ಜನ ಜಾಸ್ತಿ ಮೋಸ ಹೋಗುವುದು. "ಗಿಫ್ಟ್ ಅಂತ ಹಾಕಿಸ್ತೀನಿ, ಅರ್ಧ ಡ್ಯೂಟಿ ಸಾಕು" ಅಂದಿದ್ದಳು. ವಿದೇಶದಿಂದ ಬರುವ 5,000 ರೂಪಾಯಿವರೆಗಿನ ಗಿಫ್ಟಿಗೆ ಡ್ಯೂಟಿ ಇಲ್ಲ ಅನ್ನುವ ಸವಲತ್ತು ಮೊದಲು ಇತ್ತು. 2019ರ ಡಿಸೆಂಬರಿನಲ್ಲೇ ಅದು ಹೋಯಿತು. ರಾಖಿಗೆ, ಜೀವ ಉಳಿಸುವ ಔಷಧಿಗೆ ಮಾತ್ರ ಉಳಿದಿತ್ತು. 2022ರಲ್ಲಿ ಸ್ವಂತ ಬಳಕೆಗೆ ತರಿಸುವ ಪಾರ್ಸೆಲ್‌ಗೆ ಎಲ್ಲ ಸೇರಿ ಶೇ. 77.28 ಡ್ಯೂಟಿ. ಹೌದು, ಸರಿಯಾಗೇ ಓದಿದಿರಿ. ಇದು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತದೆ, ತರಿಸುವ ಮುಂಚೆ ಆಗಿನ ದರ ನೋಡಿಕೊಳ್ಳಿ. 'ಅರ್ಧ ಡ್ಯೂಟಿ' ಅನ್ನುವ ದರವೇ ಇಲ್ಲ. ಪಾರ್ಸೆಲ್ ನಿಮ್ಮ ಹೆಸರಿಗೆ ಬಂದರೆ ಡ್ಯೂಟಿ ಕಟ್ಟುವುದು ನೀವೇ, ಪೋಸ್ಟ್‌ಮ್ಯಾನ್‌ಗೋ ಕೊರಿಯರ್‌ಗೋ, ಪಾರ್ಸೆಲ್ ಬಂದಾಗ, ರಸೀದಿ ತಗೊಂಡು. ಗ್ರೂಪ್ ಆರ್ಡರ್‌ನವರ ಹೆಸರಿಗೆ ಬಂದರೆ ಅವರ ಹತ್ತಿರ ಆ ರಸೀದಿ ಇರಬೇಕು. ಪಾರ್ಸೆಲ್ ಹೊರಡುವ ಮುಂಚೆಯೇ ಡ್ಯೂಟಿ ಕೇಳಿದರೆ ಲೆಕ್ಕ ತೋರಿಸಿ ಅನ್ನಿ. ಡ್ಯೂಟಿ ಜಾಸ್ತಿ ಅನ್ನುವ ಭಯ ನಮಗಿದೆಯಲ್ಲ, ಆಕೆ ಅದನ್ನೇ ಮಾರುತ್ತಾಳೆ.

ಆಮೇಲೆ ಕಾಯಿಸುವ ಆಟ. ಕೇಳಿದಾಗೆಲ್ಲ ಒಂದೊಂದು ಉತ್ತರ.

"ಅಕ್ಕ, ಟ್ರ್ಯಾಕಿಂಗ್ ನಂಬರ್ ಕೊಡ್ತೀರಾ?"

"ಕೊಡ್ತೀನಿ ಪುಟ್ಟಾ, ಕಸಿನ್ ಶಿಫ್ಟಲ್ಲಿದ್ದಾಳೆ."

ಕೊನೆಗೆ ನಂಬರ್ ಬಂತು. ಅದರ ತುದಿಯಲ್ಲಿ 'ಸಿಎನ್', ಅಂದರೆ ಚೀನಾ, ಅಂತ ಇತ್ತು. ಅಂಚೆಯ ಅಂತಾರಾಷ್ಟ್ರೀಯ ನಂಬರಿನಲ್ಲಿ ಮೊದಲು ಎರಡು ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಗೆ ಎರಡು ಅಕ್ಷರ ಇರುತ್ತವೆ. ಆ ಕೊನೆಯ ಎರಡಕ್ಷರ ಯಾವ ದೇಶದ ಅಂಚೆಗೆ ಹಾಕಿದ್ದು ಅಂತ ಹೇಳುತ್ತವೆ. ಜಪಾನ್ ಪೋಸ್ಟಿನ ಇಎಂಎಸ್ (ವಿದೇಶಕ್ಕೆ ಕಳಿಸುವ ಸ್ಪೀಡ್ ಪೋಸ್ಟ್) ಆದರೆ 'ಇ'ಯಿಂದ ಶುರುವಾಗಿ 'ಜೆಪಿ'ಯಲ್ಲಿ ಮುಗಿಯುತ್ತದೆ. ಕೇಳಿದೆ. "ಜಪಾನ್ ಪೋಸ್ಟು ಚೀನಾ ಮೇಲೆ ಕಳಿಸುತ್ತೆ ಪುಟ್ಟಾ, ರೂಟ್ ಹಾಗಿದೆ" ಅಂದಳು. ಪಾರ್ಸೆಲ್ ಯಾವ ಊರಿನ ಮೇಲೆ ಹಾದು ಬಂದರೂ ಆ ಎರಡಕ್ಷರ ಬದಲಾಗುವುದಿಲ್ಲ.

ಡ್ರೆಸ್ ಬಂತು. ದೂರದಿಂದ ನೋಡಿದರೆ ಅದೇ. ಕೇಕು, ಸ್ಟ್ರಾಬೆರಿ, ರಿಬ್ಬನ್ ಎಲ್ಲ ಇದೆ. ಹತ್ತಿರದಿಂದ ನೋಡಿದರೆ ಚಿತ್ರದ ಅಂಚುಗಳು ಮಸುಕು. ಫೋಟೋದಿಂದ ಎತ್ತಿ ದೊಡ್ಡದು ಮಾಡಿ ಅಚ್ಚು ಹಾಕಿದರೆ ಹೀಗಾಗುತ್ತದೆ. ಲೇಸು ಮುಟ್ಟಿದರೆ ಚುಚ್ಚುತ್ತದೆ. ಬ್ರ್ಯಾಂಡಿನ ಪಟ್ಟಿ ಮಾತ್ರ ಚೆನ್ನಾಗಿ ಹೊಲಿದಿದ್ದರು, ಅದನ್ನೊಂದನ್ನೇ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ.

ನನಗೆ ಖಾತ್ರಿಯಾದದ್ದು ಒಳಗಿನ ಒಗೆಯುವ ಸೂಚನೆಯ ಚೀಟಿಯಿಂದ. ಜಪಾನ್ ಈ ಗುರುತುಗಳನ್ನು 2016ರ ಡಿಸೆಂಬರಿನಲ್ಲಿ ಬದಲಿಸಿತು. ಅದಕ್ಕೂ ಮುಂಚಿನ ಬಟ್ಟೆಗಳಲ್ಲಿ ಅವರದೇ ಹಳೆಯ ಗುರುತುಗಳು. ಇಸ್ತ್ರಿಪೆಟ್ಟಿಗೆಯ ಒಳಗೆ, ನೀರಿನ ಪಾತ್ರೆಯ ಒಳಗೆ ಜಪಾನಿ ಅಕ್ಷರಗಳೇ ಇರುತ್ತವೆ. ಆಮೇಲಿನವುಗಳಲ್ಲಿ ಲೋಕವೆಲ್ಲ ಬಳಸುವ ಚುಕ್ಕೆ, ಗೆರೆಯ ಗುರುತುಗಳು. 2011ರ ಡ್ರೆಸ್ ಅಂತ ಕೊಟ್ಟದ್ದರಲ್ಲಿ ಚುಕ್ಕೆ ಗುರುತುಗಳಿದ್ದವು. ಬಟ್ಟೆ ಯಾವ ನೂಲಿನದು ಅಂತ ಜಪಾನಿಯಲ್ಲಿ ಒಂದು ಸಾಲೂ ಇಲ್ಲ. ಜಪಾನಿನಲ್ಲಿ ಅಂಗಡಿಗೆ ಬರುವ ಬಟ್ಟೆಗೆ ಅದು ಕಾನೂನಿನ ಪ್ರಕಾರ ಇರಲೇಬೇಕು. ಜಿಪ್ಪು ನೋಡಿ ತೀರ್ಮಾನ ಮಾಡಬೇಡಿ, ಜಪಾನಿನ ವೈಕೆಕೆ ಕಂಪನಿಯ ಜಿಪ್ಪು ಈಗ ಎಲ್ಲೆಲ್ಲೂ ಸಿಗುತ್ತದೆ.

ಫೋಟೋ ಎಲ್ಲಿಯದು ಅನ್ನುವುದೂ ಆಮೇಲೆ ಸಿಕ್ಕಿತು. ಚಿತ್ರದಿಂದ ಚಿತ್ರ ಹುಡುಕುವ ಸೌಲಭ್ಯದಲ್ಲಿ ಹಾಕಿದರೆ ಮೆರ್ಕಾರಿಯ ಒಂದು ಹಳೆಯ ಜಾಹೀರಾತು. ಅದೇ ಹ್ಯಾಂಗರು, ಅದೇ ಗೋಡೆ. ಮೆರ್ಕಾರಿಯಲ್ಲಿ ಮಾರಿಹೋದ ವಸ್ತುವಿನ ಫೋಟೋದ ಎಡ ಮೇಲ್ಮೂಲೆಯಲ್ಲಿ ಕೆಂಪು ಪಟ್ಟಿ ಬೀಳುತ್ತದೆ. ಆಕೆ ಹಾಕಿದ್ದ ಫೋಟೋಗಳೆಲ್ಲ ಆ ಮೂಲೆಯಲ್ಲಿ ಕತ್ತರಿಸಿದಂಥವು. ಡ್ರೆಸ್ಸಿನ ಒಂದು ಭುಜವೇ ಕಾಣುವುದಿಲ್ಲ. ನೀವು ಕೊಳ್ಳುವ ವಸ್ತುವಿನ ಪಕ್ಕ ಇವತ್ತಿನ ತಾರೀಖು ಬರೆದ ಚೀಟಿ ಇಟ್ಟು ಫೋಟೋ ಕಳಿಸಿ ಅಂತ ಕೇಳಿ. ನಿಜವಾಗಿ ಕಸಿನ್ ಕೈಯಲ್ಲಿ ಡ್ರೆಸ್ ಇದ್ದರೆ ಅದೇನು ದೊಡ್ಡ ಕೆಲಸವಲ್ಲ, ಅಲ್ವಾ? ಪ್ರಾಕ್ಸಿ ಗೋದಾಮಿನಲ್ಲಿದ್ದರೂ ಅವರು ತೆಗೆದ ಫೋಟೋ ಇರುತ್ತದೆ.

ಇಷ್ಟೆಲ್ಲ ಆದಮೇಲೆ ಗ್ರೂಪಿನಲ್ಲಿ ಕೇಳಿದೆ. ಉತ್ತರ ಕೊಟ್ಟದ್ದು ಆಕೆಯಲ್ಲ, ಬೇರೆ ಹುಡುಗಿಯರು. "ಅಕ್ಕ ನಮಗೋಸ್ಕರ ಎಷ್ಟು ಕಷ್ಟಪಡ್ತಾರೆ", "ಡ್ರಾಮಾ ಯಾಕೆ, ಇರೋದೇ ನಾಲ್ಕು ಜನ". ಸಂಜೆಗೆ ನನ್ನನ್ನು ಗ್ರೂಪಿನಿಂದ ತೆಗೆದಾಗಿತ್ತು. ನನಗೆ ಡ್ರೆಸ್ಸಿಗಿಂತ ಇದೇ ಜಾಸ್ತಿ ನೋವಾಯಿತು. ಆದರೆ ಆ ರಾತ್ರಿಯಿಂದಲೇ ಒಬ್ಬೊಬ್ಬರು ಖಾಸಗಿಯಾಗಿ ಮೆಸೇಜ್ ಮಾಡತೊಡಗಿದರು. ಒಬ್ಬಳಿಗೆ ಶೂ ಬಂದೇ ಇಲ್ಲ. ಇನ್ನೊಬ್ಬಳಿಗೆ ಹೊಸವರ್ಷದ ಲಕ್ಕಿ ಬ್ಯಾಗ್ (ಒಳಗೇನಿದೆ ಅಂತ ತೋರಿಸದೆ ಮಾರುವ ಚೀಲ) ಅಂತ ಹೇಳಿ ಕಲೆಯಾದ ಸ್ಕರ್ಟು. ಗ್ರೂಪಿನಲ್ಲಿ ನನ್ನನ್ನು ಬೈದಿದ್ದ ಹುಡುಗಿಗೂ ಏನೂ ಬಂದಿರಲಿಲ್ಲ! ತಿರುಗಿಬಿದ್ದರೆ ತನ್ನ ದುಡ್ಡು ಹೋಗುತ್ತದೆ ಅಂತ ಅವಳ ಹೆದರಿಕೆ.

ಯಾಕೆ ಯಾರೂ ದೂರು ಕೊಟ್ಟಿಲ್ಲ ಅಂದರೆ ಎಲ್ಲರದ್ದೂ ಒಂದೇ ಉತ್ತರ: ಮನೆಯಲ್ಲಿ ಗೊತ್ತಿಲ್ಲ. ಇಪ್ಪತ್ತು ಸಾವಿರ ಕೊಟ್ಟು ಲೇಸಿನ ಫ್ರಾಕ್ ತಗೊಂಡೆ ಅಂತ ಅಪ್ಪನಿಗೆ ಹೇಳುವುದು ಹೇಗೆ? ಪೊಲೀಸರ ಮುಂದೆ ಆ ಡ್ರೆಸ್ ಫೋಟೋ ತೋರಿಸಿದರೆ ನಗುವುದಿಲ್ಲವಾ? ಆಕೆಯ ವ್ಯಾಪಾರ ನಿಂತಿರುವುದೇ ಇದರ ಮೇಲೆ. ಮೊಬೈಲು, ಲ್ಯಾಪ್‌ಟಾಪಲ್ಲಿ ಮೋಸ ಮಾಡಿದ್ದರೆ ಜನ ಮರುದಿನವೇ ಗಲಾಟೆ ಮಾಡುತ್ತಿದ್ದರು. ಮುಚ್ಚಿಟ್ಟು ಪ್ರೀತಿಸುವ ವಸ್ತುವನ್ನು ಆರಿಸಿಕೊಂಡಿದ್ದಾಳೆ, ಜಾಣೆ. ನಾನು ಅಮ್ಮನಿಗೆ ಹೇಳಿದೆ. ಡ್ರೆಸ್ ತಿರುಗಿಸಿ ಮುರುಗಿಸಿ ನೋಡಿ, "ಹೊಲಿಗೆನೂ ಸರಿಯಿಲ್ವಲ್ಲೇ" ಅಂದಳು. ದೂರು ಕೊಡುವಾಗ ಜೊತೆಗೂ ಬಂದಳು. ಪೊಲೀಸರು ಡ್ರೆಸ್ ಬಗ್ಗೆ ಏನೂ ಅನ್ನಲಿಲ್ಲ. ಯುಪಿಐ ವಿವರ ಕೇಳಿದರು, ಅಷ್ಟೇ.

ದುಡ್ಡು ಹಾಕಿದ ಮೇಲೆ ಅನುಮಾನ ಬಂದರೆ ಆ ಕ್ಷಣವೇ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ಅಪರಾಧದ ರಾಷ್ಟ್ರೀಯ ಸಹಾಯವಾಣಿ. ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ದುಡ್ಡು ಆ ಖಾತೆಯಲ್ಲಿ ಇರುವಾಗಲೇ ಹೇಳಿದರೆ ತಡೆಹಿಡಿಯಲು ಆಗುತ್ತದೆ. ಖಾಲಿಯಾದ ಮೇಲೆ ಕಷ್ಟ. ನನ್ನ ವಿಷಯದಲ್ಲಿ ಖಾಲಿಯಾಗಿತ್ತು, ಈವರೆಗೆ ಒಂದು ರೂಪಾಯಿಯೂ ಬಂದಿಲ್ಲ. ಚಾಟ್‌ಗಳನ್ನು ಅಳಿಸಬೇಡಿ, ಗ್ರೂಪಿನಿಂದ ತೆಗೆಯುವ ಮುಂಚೆಯೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಯುಪಿಐ ವ್ಯವಹಾರದ ನಂಬರು, ಪಾರ್ಸೆಲ್ಲಿನ ಮೇಲಿನ ಚೀಟಿ ಎರಡನ್ನೂ ಎತ್ತಿಡಿ.

ಈಗ ನಾನು ಪ್ರಾಕ್ಸಿಯಲ್ಲಿ ಸ್ವಂತ ಖಾತೆ ತೆರೆದು, ಕಾರ್ಡಿನಲ್ಲೇ ಕಟ್ಟುತ್ತೇನೆ. ಡ್ಯೂಟಿ ಹೊಟ್ಟೆ ಉರಿಸುತ್ತದೆ, ನಿಜ. ಆದರೆ ಪಾರ್ಸೆಲ್ ನನ್ನ ಹೆಸರಿನಲ್ಲಿ ಹೊರಡುತ್ತದೆ, ವಸ್ತು ಬರದಿದ್ದರೆ ಬ್ಯಾಂಕಿನಲ್ಲಿ ಪಾವತಿಯನ್ನು ಪ್ರಶ್ನಿಸಬಹುದು. ಕಾರ್ಡ್ ಇಲ್ಲದವರು ಮನೆಯಲ್ಲಿ ಅಕ್ಕನದೋ ಅಣ್ಣನದೋ ಕೇಳಿ ನೋಡಿ. ಗ್ರೂಪ್ ಆರ್ಡರೇ ಬೇಕು ಅಂದರೆ ಮೊದಲು ಐನೂರು ರೂಪಾಯಿಯ ಕೀಚೈನ್ ತರಿಸಿ, ಪೆಟ್ಟಿಗೆಯ ಮೇಲಿನ ಜಪಾನ್ ಚೀಟಿಯ ಫೋಟೋ ಕೇಳಿ.

ಆಕೆಯ ಹಳೆಯ ಖಾತೆ ಮುಚ್ಚಿದೆ. ಹೊಸ ಹೆಸರಿನಲ್ಲಿ ಇನ್ನೊಂದು ಶುರುವಾಗಿದೆ, ಗೆಳತಿಯೊಬ್ಬಳು ತೋರಿಸಿದಳು. ಯೆನ್‌ಗೆ ಅದೇ 70 ಪೈಸೆ, ಅದೇ 'ಗಿಫ್ಟ್ ಶಿಪ್ಪಿಂಗ್', ಎಡ ಮೂಲೆ ಕತ್ತರಿಸಿದ ಅದೇ ಥರದ ಫೋಟೋಗಳು. ಈ ಸಲ ಡ್ರೆಸ್ಸಿನ ಜೊತೆ ಅನಿಮೆ ಫಿಗರುಗಳನ್ನೂ, ಅಂದರೆ ಜಪಾನಿ ಕಾರ್ಟೂನು ಪಾತ್ರಗಳ ಗೊಂಬೆಗಳನ್ನೂ ಇಟ್ಟಿದ್ದಾಳೆ. ದೀಪಾವಳಿ ಆಫರ್ ಬೇರೆ ಇದೆಯಂತೆ.