ಅಜೋಲಾ ಕಿಟ್ ತರಿಸಿದೆ: ತೊಟ್ಟಿ ಗಟ್ಟಿ, ಪುಡಿ ಸೊನ್ನೆ

ಆನ್‌ಲೈನ್‌ನಲ್ಲಿ ಅಜೋಲಾ (ನೀರಿನ ಮೇಲೆ ತೇಲಿ ಬೆಳೆಯುವ, ದನ ಕೋಳಿಗೆ ಮೇವಾಗುವ ಪುಟ್ಟ ಗಿಡ) ಬೆಳೆಯುವ ಕಿಟ್ ತರಿಸೋಣ ಅಂತಿದ್ದರೆ ಒಂದು ನಿಮಿಷ ಇದನ್ನು ಓದಿಬಿಡಿ. ಕಂಪನಿ ಹೆಸರು ಹಾಕಲ್ಲ, ಸುಮ್ನೆ ಜಗಳ ಬೇಡ. ಐದಕ್ಕೆ ಮೂರು ಸ್ಟಾರ್ ಕೊಟ್ಟಿದ್ದೇನೆ, ಆ ಮೂರೂ ತೊಟ್ಟಿಗೇ.

ನಮ್ಮದು ತಿಪಟೂರು ಕಡೆ ಹಳ್ಳಿ. ಎರಡು ಹಸು, ಒಂದು ಕರು, ಐದಾರು ಕೋಳಿ. ಹಿಂಡಿ ಬೂಸಾ ರೇಟು ನೋಡಿ ನೋಡಿ ಸಾಕಾಗಿ, ಅಜೋಲಾ ಬೆಳೆದರೆ ಸ್ವಲ್ಪ ಖರ್ಚಾದರೂ ಉಳಿಯುತ್ತೆ ಅಂತ ತರಿಸಿದೆ. ಕಿಟ್‌ನಲ್ಲಿ ಬಂದದ್ದು 12 ಅಡಿ ಉದ್ದ, 4 ಅಡಿ ಅಗಲ, 1 ಅಡಿ ಎತ್ತರದ ಪ್ಲಾಸ್ಟಿಕ್ ಹಾಳೆಯ ತೊಟ್ಟಿ, ಅರ್ಧ ಕೆಜಿ ಅಜೋಲಾ, ಮತ್ತೆ ನಾಲ್ಕು ಪ್ಯಾಕೆಟ್ ಬಿಳಿ ಪುಡಿ. ಪುಡಿಯ ಮೇಲೆ ದೊಡ್ಡದಾಗಿ 'ಪೋಷಕಾಂಶ' ಅಂತ ಬರೆದಿತ್ತು.

ತೊಟ್ಟಿ ಬಗ್ಗೆ ದೂರಿಲ್ಲ. ಹಾಳೆ ದಪ್ಪ ಇದೆ, ಹೊಲಿಗೆ ಚೆನ್ನಾಗಿದೆ, ಗೂಟಕ್ಕೆ ಕಟ್ಟಲು ಸುತ್ತ ರಿಂಗ್ ಹಾಕಿದ್ದಾರೆ. ತೆಂಗಿನ ಮರದ ಅರೆನೆರಳಲ್ಲಿ ಇಟ್ಟಿದ್ದೇನೆ. ಎರಡು ಸಲ ಒಣಗಿದ ಗರಿ ಅದರ ಮೇಲೇ ಬಿತ್ತು, ಆದರೂ ಹರಿದಿಲ್ಲ. ಅಜೋಲಾ ಮಾತ್ರ ನಾಲ್ಕು ದಿನ ಕವರ್‌ನಲ್ಲೇ ಪ್ರಯಾಣ ಮಾಡಿ ಬಂದಿತ್ತು, ಅರ್ಧ ಕೊಳೆತು ನಾರುತ್ತಿತ್ತು. ಉಳಿದದ್ದನ್ನು ತೊಳೆದು ಬಿಟ್ಟೆ.

ಅಸಲಿ ಕಥೆ ಇರುವುದು ಪುಡಿಯಲ್ಲಿ. ಜೊತೆಗೆ ಕೊಟ್ಟ ಚೀಟಿಯಲ್ಲಿ "ಸಗಣಿ ಬೇಡ, ವಾಸನೆ ಇಲ್ಲ, ವಾರಕ್ಕೊಮ್ಮೆ ಪುಡಿ ಹಾಕಿದರೆ ಸಾಕು" ಅಂತಿತ್ತು. ನಾನೂ ನಂಬಿದೆ. ತಳಕ್ಕೆ ಜರಡಿ ಹಿಡಿದ ಮಣ್ಣು, ಮೇಲೆ ನಾಲ್ಕು ಬೆರಳಷ್ಟು ಬೋರ್‌ವೆಲ್ ನೀರು, ಪುಡಿ. ಮೊದಲ ಹತ್ತು ದಿನ ಚೆನ್ನಾಗಿ ಹರಡಿತು. ಆಮೇಲೆ ಅಂಚು ಗುಲಾಬಿ ಬಣ್ಣಕ್ಕೆ ತಿರುಗಿತು, ನೋಡನೋಡುತ್ತಾ ಇಡೀ ತೊಟ್ಟಿ ಬೀಟ್‌ರೂಟ್ ಕಲಸಿದ ಹಾಗೆ ಕೆಂಪಾಯ್ತು. ಒಂದನ್ನು ಎತ್ತಿ ಅಂಗೈ ಮೇಲೆ ಇಟ್ಟುಕೊಂಡು ನೋಡಿದೆ. ಎಲೆ ಪುಟಾಣಿ, ಬೇರು ಮಾತ್ರ ದಾರದ ಹಾಗೆ ಉದ್ದ, ಮುಟ್ಟಿದರೆ ಕಳಚಿ ಬರುತ್ತೆ. ನೀರು ಸೊಪ್ಪು ಬಸಿದ ನೀರಿನಂತೆ ಹಸಿರು, ತೊಟ್ಟಿಯ ಗೋಡೆಗೆಲ್ಲ ಲೋಳೆ ಪಾಚಿ. ನಮ್ಮತ್ತೆ ಬಂದು ಇಣುಕಿ, "ಏನಮ್ಮಾ, ದುಡ್ಡು ಕೊಟ್ಟು ಪಾಚಿ ತರಿಸಿದೆಯಾ?" ಅಂದರು.

ಬಿಸಿಲು ಜಾಸ್ತಿಯಾದರೂ ಅಜೋಲಾ ಕೆಂಪಾಗುತ್ತೆ, ಅದಕ್ಕೇ ಮೊದಲು ಬಿಸಿಲನ್ನೇ ಬೈದೆ. ಹಸಿರು ನೆಟ್ ಕಟ್ಟಿ ಒಂದು ವಾರ ಕಾದೆ. ಏನೂ ಬದಲಾಗಲಿಲ್ಲ. ಕೊನೆಗೆ ಪ್ಯಾಕೆಟ್ ಹಿಡಿದುಕೊಂಡು ಗೊಬ್ಬರದ ಅಂಗಡಿಗೆ ಹೋದೆ. ಅಂಗಡಿಯವರು ಕನ್ನಡಕ ಏರಿಸಿ ಹಿಂಬದಿಯ ಸಣ್ಣಕ್ಷರ ಓದಿದರು. "ಅಕ್ಕಾ, ಇದು 13:0:45. ಅಂದ್ರೆ ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್ ಇಷ್ಟಿಷ್ಟು ಪರ್ಸೆಂಟ್. ನಡುವೆ ಸೊನ್ನೆ ಇದೆಯಲ್ಲ, ಅದೇ ರಂಜಕ, ಫಾಸ್ಫರಸ್. ಅಜೋಲಾಗೆ ಬೇಕಾಗಿರೋದೇ ಅದು."

ಅಂದರೆ ಡ್ರಿಪ್‌ನಲ್ಲಿ ಬಿಡುವ ಪೊಟ್ಯಾಸಿಯಂ ನೈಟ್ರೇಟನ್ನು ಸಣ್ಣ ಪ್ಯಾಕೆಟ್ ಮಾಡಿ ಕೊಟ್ಟಿದ್ದಾರೆ! ಅಜೋಲಾಗೆ ಹೊರಗಿನಿಂದ ಸಾರಜನಕ ಹಾಕುವ ಅಗತ್ಯವೇ ಇಲ್ಲ. ಅದರ ಎಲೆಯೊಳಗಿನ ಪುಟ್ಟ ಗೂಡಲ್ಲಿ ಅನಬೀನಾ ಅನ್ನೋ ಸೂಕ್ಷ್ಮಜೀವಿ ವಾಸ ಇರುತ್ತೆ. ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡೋದು ಅದರ ಕೆಲಸ. ರಂಜಕ ಮಾತ್ರ ಗಾಳಿಯಿಂದ ಸಿಗಲ್ಲ, ನೀರಿನಲ್ಲೇ ಇರಬೇಕು. ನಾನು ವಾರ ವಾರ ಸಾರಜನಕ ಸುರಿದು ಸಾಕಿದ್ದು ಪಾಚಿಯನ್ನು. ಮಣ್ಣಿನಲ್ಲಿದ್ದ ಅಷ್ಟಿಷ್ಟು ರಂಜಕವನ್ನೂ ಆ ಪಾಚಿಯೇ ತಿಂದಿರಬೇಕು. ಸಾಲದ್ದಕ್ಕೆ ನಮ್ಮ ಬೋರ್ ನೀರು ಗಡಸು, ಅದರ ಸುಣ್ಣದ ಅಂಶಕ್ಕೆ ರಂಜಕ ಕಚ್ಚಿಕೊಂಡರೆ ಗಿಡಕ್ಕೆ ಸಿಗೋದು ಇನ್ನೂ ಕಡಿಮೆ.

ಆದರೂ ಪೂರ್ತಿ ನಂಬಿಕೆ ಬರಲಿಲ್ಲ. ಮೂರು ಪೇಂಟ್ ಬಕೆಟ್ ತೊಳೆದು ಸಾಲಾಗಿ ಇಟ್ಟೆ. ಒಂದರಲ್ಲಿ ಬರೀ ಮಣ್ಣು ನೀರು, ಇನ್ನೊಂದಕ್ಕೆ ಇದೇ ಪುಡಿ, ಮೂರನೆಯದಕ್ಕೆ ಒಂದು ಲೋಟ ಸಗಣಿ ಬಗ್ಗಡ ಮತ್ತು ಚಿಟಿಕೆ ಸೂಪರ್ ಫಾಸ್ಫೇಟ್ ಅನ್ನೋ ರಂಜಕದ ಗೊಬ್ಬರ. ಮೂರಕ್ಕೂ ಒಂದೊಂದು ಹಿಡಿ ಅಜೋಲಾ. ಎಂಟನೇ ದಿನ ಮೊದಲನೆಯದು ಇದ್ದ ಹಾಗೇ ಇತ್ತು. ಪುಡಿ ಹಾಕಿದ್ದು ಮತ್ತೆ ಕೆಂಪು. ಮೂರನೆಯದರಲ್ಲಿ ನೀರೇ ಕಾಣುತ್ತಿರಲಿಲ್ಲ, ಹಸಿರು ಚಾಪೆ ಹಾಸಿದಂತೆ ಒಂದರ ಮೇಲೊಂದು ಏರಿ ಕೂತಿತ್ತು.

ಖುಷಿಗೆ ದೊಡ್ಡ ತೊಟ್ಟಿಗೆ ಸಗಣಿ ಡಬಲ್ ಹಾಕಿದೆ, ಅದು ನನ್ನದೇ ತಪ್ಪು. ನೀರು ಗಬ್ಬು ನಾತ ಬಂತು. ಕಿಟ್‌ನ ಅಜೋಲಾ ಜೊತೆ ಬೆರೆತು ಬಂದಿದ್ದ ಡಕ್‌ವೀಡ್ ಅನ್ನೋ ಸಣ್ಣ ಬೇಳೆಯಂಥ ತೇಲುವ ಗಿಡ ಮೂಲೆಯೆಲ್ಲ ಆವರಿಸಿತು. ಅದಕ್ಕೆ ಅನಬೀನಾ ಸಹಾಯ ಇಲ್ಲ, ಸಾರಜನಕ ನೀರಿನಿಂದಲೇ ಸಿಗಬೇಕು, ಸಗಣಿಯ ಅಮೋನಿಯಾ ಸಿಕ್ಕರೆ ಹಬ್ಬ. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳಲ್ಲಿ ಜಲಕಳೆ ಹಾಗೆ ಹಬ್ಬಿದ್ದೂ ಇದೇ ಲೆಕ್ಕದಲ್ಲಿ ಅಲ್ವಾ? ಒಳಚರಂಡಿ ನೀರಿನಲ್ಲಿ ಸಾರಜನಕವೂ ಇದೆ, ರಂಜಕವೂ ಇದೆ, ಯಾರೂ ಪ್ಯಾಕೆಟ್ ತಂದು ಹಾಕಬೇಕಾಗಿಲ್ಲ.

ಈಗ ನಾನು ಮಾಡುತ್ತಿರುವುದು ಇಷ್ಟು. 5 ದಿನಕ್ಕೊಮ್ಮೆ 1 ಕೆಜಿ ಹಸಿ ಸಗಣಿ, 20 ಗ್ರಾಂ ಸೂಪರ್ ಫಾಸ್ಫೇಟ್. ಫಾಸ್ಫೇಟ್ ಕಾಳನ್ನು ಹಾಗೇ ಎರಚಬೇಡಿ, ಎಲೆ ಮೇಲೆ ಕೂತರೆ ಸುಟ್ಟ ಹಾಗೆ ಕಂದಾಗುತ್ತೆ. ರಾತ್ರಿ ನೆನೆಹಾಕಿ ಬೆಳಿಗ್ಗೆ ಬಗ್ಗಡದಲ್ಲಿ ಕಲಸಿ ಬಿಡಿ. ವಾರಕ್ಕೊಮ್ಮೆ ದನಕ್ಕೆ ಕೊಡುವ ಖನಿಜ ಮಿಶ್ರಣ ಸ್ವಲ್ಪ, ಕಬ್ಬಿಣ ಗಿಬ್ಬಿಣ ಅದರಿಂದ ಸಿಗುತ್ತೆ. 10 ದಿನಕ್ಕೊಮ್ಮೆ ಕಾಲು ಭಾಗ ನೀರು ತೆಗೆದು ಹೊಸದು ತುಂಬಿಸುತ್ತೇನೆ, ಹಳೇ ನೀರು ನುಗ್ಗೆ ಗಿಡಕ್ಕೆ. ಅಜೋಲಾವನ್ನು ದಿನಾ ತೆಗೆಯಲೇಬೇಕು, ಬಿಟ್ಟರೆ ಒತ್ತೊತ್ತಾಗಿ ಕೊಳೆಯುತ್ತೆ.

ಕಂಪನಿಯವರ ಇನ್ನೊಂದು ಸುಳ್ಳಿನ ಬಗ್ಗೆ ಹೇಳಲೇಬೇಕು. ಜಾಹೀರಾತಿನಲ್ಲಿ ದಿನಕ್ಕೆ 4 ಕೆಜಿ ಬರುತ್ತೆ ಅಂತಿದೆ. ಈ ಅಳತೆಯ ತೊಟ್ಟಿಯಲ್ಲಿ ನನಗೆ ಬರುವುದು ಮುಕ್ಕಾಲು ಕೆಜಿ, ತುಂಬಾ ಚೆನ್ನಾಗಿದ್ದ ದಿನ ಒಂದು. ಅದೂ ಹಸಿ ತೂಕ, ಹೆಚ್ಚಿನ ಪಾಲು ನೀರೇ. ಎರಡು ಹಸುವಿಗೆ ಇದು ಬರೀ ಉಪ್ಪಿನಕಾಯಿ ಇದ್ದ ಹಾಗೆ. ಸಗಣಿ ವಾಸನೆ ಹೋಗುವ ತನಕ ತೊಳೆದು ಬೂಸಾ ಜೊತೆ ಕಲಸಿ ಇಟ್ಟರೂ ದೊಡ್ಡ ಹಸು ಮೂರು ದಿನ ಮೂಸಿ ಮುಖ ತಿರುಗಿಸಿತು, ಈಗ ತಿನ್ನುತ್ತೆ. ಕೋಳಿಗಳಂತೂ ಮೊದಲ ದಿನವೇ ಮುಗಿಬಿದ್ದವು.

ನನ್ನ ಸಲಹೆ, ತೊಟ್ಟಿ ಮಾತ್ರ ಬಿಡಿಯಾಗಿ ಸಿಕ್ಕರೆ ತಗೊಳ್ಳಿ. ಅಜೋಲಾವನ್ನು ಹತ್ತಿರದಲ್ಲಿ ಬೆಳೆಯುವವರ ಹತ್ತಿರವೇ ಬಕೆಟ್‌ನಲ್ಲಿ ನೀರಿನ ಸಮೇತ ತನ್ನಿ. ಸೂಪರ್ ಫಾಸ್ಫೇಟ್ ಗೊಬ್ಬರದ ಅಂಗಡಿಯಲ್ಲಿ ಬಿಡಿ ಕೇಳಿ, ನಮ್ಮವರು 2 ಕೆಜಿ ಕಟ್ಟಿಕೊಟ್ಟರು, ತಿಂಗಳುಗಟ್ಟಲೆ ಬರುತ್ತೆ. ಮಿಕ್ಕ ಎರಡು ಪ್ಯಾಕೆಟ್ ಪುಡಿಯನ್ನು ನೀರಲ್ಲಿ ಕರಗಿಸಿ ಹಿತ್ತಲ ಮೆಣಸಿನ ಗಿಡಕ್ಕೆ ಹಾಕಿದೆ. ಮೆಣಸಿನಕಾಯಿ ಚೆನ್ನಾಗಿ ಬಿಟ್ಟಿದೆ.